ಗಿರಿಜಾ ಪಾಯಸ, ಲಿವೋನಿಯಾ, ಮಿಷಿಗನ್

ಕಾಗದಪತ್ರದ ವಿಷಯದಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಡೆಟ್ರಾಯಿಟ್ ಸುತ್ತ ಐವತ್ತು ಮೈಲಿಯೊಳಗೆ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನನ್ನ ಮದುವೆಯ ಲಗ್ನಪತ್ರಿಕೆಯಲ್ಲೇ ಎರಡು ಅಚ್ಚಿನ ತಪ್ಪು ಹಿಡಿದು ಮಾವನವರ ಕೆಂಗಣ್ಣಿಗೆ ಗುರಿಯಾದವನು ನಾನು. ಅಂಥವನಿಗೆ ಅಮೆರಿಕ ಸರ್ಕಾರಕ್ಕೆ ಒಂದು ಹಾಳೆಯ ಪಟ್ಟಿ ಕಳಿಸುವುದು ಯಾವ ಮಹಾ ಕೆಲಸ?

ತೊಂಬತ್ತರ ದಶಕ ಮುಗಿಯುತ್ತಿದ್ದ ಸಮಯ. ಲಿವೋನಿಯಾದ ಒಂದು ಪುಟ್ಟ ಆಫೀಸಿನಲ್ಲಿ ನನಗೆ ಕೆಲಸ. ಅದು ಒಂಬತ್ತು ಕಂಪನಿಗಳು ಸೇರಿ ಕಟ್ಟಿಕೊಂಡ ಸಂಶೋಧನಾ ಒಕ್ಕೂಟ. ಕಾರಿನ ಬ್ರೇಕ್ ಒತ್ತಿದಾಗ ‘ಕೀಂಯ್’ ಎನ್ನುತ್ತದಲ್ಲ, ಆ ಶಬ್ದ ಏಕೆ ಬರುತ್ತದೆ ಎಂದು ಕಂಡುಹಿಡಿಯುವುದು ಅದರ ಪರಮ ಗುರಿ. ಹೊರಗೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಳ್ಳುವ ಈ ಒಂಬತ್ತೂ ಕಂಪನಿಗಳು ಒಂದೇ ಮೇಜಿನ ಸುತ್ತ ಕೂತರೆ ಸರ್ಕಾರಕ್ಕೆ ಅನುಮಾನ. ಇವರು ಬ್ರೇಕಿನ ಮಾತಾಡುತ್ತಾರೋ, ಸೇರಿಕೊಂಡು ಬೆಲೆ ಏರಿಸುವ ಮಾತಾಡುತ್ತಾರೋ? ಅದಕ್ಕೇ ಆಂಟಿ ಟ್ರಸ್ಟ್ ಕಾನೂನು ಇರುವುದು. ಸಂಶೋಧನೆಗೆ ಸೇರುತ್ತೀರಾ, ಸೇರಿ. ಆದರೆ ಯಾರ್ಯಾರು ಸೇರಿದ್ದೀರಿ ಎಂದು ತಿಳಿಸಿ. ಆಮೇಲೆ ಯಾರಾದರೂ ಹೊಸದಾಗಿ ಸೇರಿದರೆ, ಯಾರಾದರೂ ಬಿಟ್ಟುಹೋದರೆ, ತೊಂಬತ್ತು ದಿನದೊಳಗೆ ಬರೆದು ತಿಳಿಸಿ. ಅದನ್ನು ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚು ಹಾಕಿ ದೇಶಕ್ಕೆಲ್ಲ ಸಾರುತ್ತಾರೆ. ಹೀಗೆ ತಿಳಿಸಿದವರ ಮೇಲೆ ನಾಳೆ ಯಾರಾದರೂ ಕೇಸು ಹಾಕಿದರೆ ಬೀಳುವ ಪೆಟ್ಟು ಕಡಿಮೆ. ಇಷ್ಟೇ ವಿಷಯ.

ಆ ಚಳಿಗಾಲದಲ್ಲಿ ನಮ್ಮ ಒಕ್ಕೂಟಕ್ಕೆ ಎರಡು ಕಂಪನಿ ಸೇರಿದವು, ಒಂದು ಬಿಟ್ಟಿತು. ನಮ್ಮ ಡೈರೆಕ್ಟರ್ ಫ್ರಾಂಕ್ ಪಟ್ಟಿಯನ್ನು ಲಾಯರ್ ಕೈಗೆ ಕೊಡೋಣ ಅಂದ. ನಾನು ಎದೆ ಸೆಟೆಸಿ ನಿಂತೆ.

“ಮೂರು ಹೆಸರು ಬರೆಯೋದಕ್ಕೆ ಲಾಯರ್ ಯಾಕೆ ಫ್ರಾಂಕ್? ಮೂರು ಪ್ರತಿಯಲ್ಲಿ ಅರ್ಜಿ ಬರೆಯುವ ದೇಶದಿಂದ ಬಂದವನು ನಾನು. ನನಗೆ ಬಿಡು.”

ಫ್ರಾಂಕ್‌ನ ಕಣ್ಣಲ್ಲಿ ಮೆಚ್ಚುಗೆ ಮಿನುಗಿತು. ಅದೇ ಕೊನೆ!

ಅದೇ ಹೊತ್ತಿಗೆ ನನ್ನ ತಲೆಯ ಮೇಲೆ ಇನ್ನೊಂದು ಕಿರೀಟವೂ ಇತ್ತು. ನಮ್ಮ ಕಡೆಯ ಹತ್ತಿಪ್ಪತ್ತು ಕನ್ನಡ ಮನೆಗಳವರು ಸೇರಿ ಮಾಡುವ ಯುಗಾದಿ ಊಟಕ್ಕೆ ಆ ವರ್ಷ ನಾನೇ ಕಾರ್ಯದರ್ಶಿ. ಯಾರು ಏನು ತರುತ್ತಾರೆ, ಯಾರು ಹೊಸದಾಗಿ ಸೇರಿದರು, ಯಾರು ಮುನಿಸಿಕೊಂಡು ಬಿಟ್ಟರು ಎಂಬುದಕ್ಕೆಲ್ಲ ನನ್ನ ಬಳಿ ಲಿಖಿತ ದಾಖಲೆಯಿತ್ತು. ಅದನ್ನೂ ಆಫೀಸಿನ ಶಿಸ್ತಿನಲ್ಲೇ ತಯಾರಿಸಿದ್ದೆ. ಎರಡು ಕಾಲಂ: ಸೇರಿದವರು, ಬಿಟ್ಟವರು. ಇಂಗ್ಲಿಷಿನಲ್ಲಿ, ಊರಿನ ಹೆಸರಿನ ಸಮೇತ!

ತೊಂಬತ್ತು ದಿನ ಎಂದರೆ ಬಹಳ ಇದೆ ಅನ್ನಿಸುತ್ತದೆ. ಎಂಬತ್ತೊಂಬತ್ತನೆಯ ದಿನದವರೆಗೂ ನನಗೆ ಹಾಗೇ ಅನ್ನಿಸುತ್ತಿತ್ತು. ತೊಂಬತ್ತನೆಯ ದಿನ ನಾನು ಶಿಕಾಗೋದ ಒಂದು ಹೋಟೆಲಿನಲ್ಲಿ ಒಕ್ಕೂಟದ ಮೀಟಿಂಗ್‌ನಲ್ಲಿದ್ದೆ. ಮಧ್ಯಾಹ್ನ ಸ್ಯಾಂಡ್‌ವಿಚ್ ಕಚ್ಚುವಾಗ ಪಟ್ಟಿ ನೆನಪಾಯಿತು. ನನ್ನ ಸಹಿ ಹಾಕಿದ ಪತ್ರವೇನೋ ಆಫೀಸಿನಲ್ಲಿ ಸೆಕ್ರೆಟರಿ ಡೆಬಿಯ ಹತ್ತಿರ ಸಿದ್ಧವಾಗಿತ್ತು. ಅದಕ್ಕೆ ಲಗತ್ತಿಸಬೇಕಾದ ಪಟ್ಟಿ ಮನೆಯಲ್ಲಿತ್ತು. ಸ್ಯಾಂಡ್‌ವಿಚ್ ಅಲ್ಲೇ ಬಿಟ್ಟು ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಗಿರಿಜಾ ಎತ್ತಿದಳು.

“ಗಿರಿಜಾ, ಕಂಪ್ಯೂಟರ್ ಟೇಬಲ್ ಮೇಲೆ ಒಂದು ಫ್ಲಾಪಿ ಇದೆ. ಪಾರ್ಟಿ ಲಿಸ್ಟ್ ಅಂತ ಬರೆದಿದೀನಿ. ಪ್ರಿಂಟ್ ತೆಗೆದು ನಮ್ಮ ಆಫೀಸಿಗೆ ಫ್ಯಾಕ್ಸ್ ಮಾಡು.”

ಕಾನೂನಿನ ಭಾಷೆಯಲ್ಲಿ ಸದಸ್ಯ ಕಂಪನಿಗೆ ‘ಪಾರ್ಟಿ’ ಎನ್ನುತ್ತಾರೆ. ಆದ್ದರಿಂದ ಹಾಗೆ ಬರೆದಿದ್ದೆ.

“ಎರಡು ಫ್ಲಾಪಿ ಇದೆಯಲ್ರೀ. ಎರಡರ ಮೇಲೂ ಪಾರ್ಟಿ ಲಿಸ್ಟ್ ಅಂತಾನೇ ಇದೆ.”

“ಸೇರಿದವರು, ಬಿಟ್ಟವರು ಅಂತ ಎರಡು ಕಾಲಂ ಇರೋದು ನೋಡು.”

ಕಂಪ್ಯೂಟರು ಗೊರಗೊರ ಎಂದಿತು. “ಹಾಂ, ಇದರಲ್ಲಿ ಇದೆ. ಆದ್ರೆ ಇದು...”

“ಇದೆ ತಾನೆ? ಕಳಿಸು!”

“ಅಲ್ಲಾರೀ, ಇದನ್ನ ನಿಮ್ಮ ಆಫೀಸಿಗೆ ಯಾಕೆ...”

“ಗಿರಿಜಾ, ಇದು ಕಾನೂನಿನ ವಿಷಯ. ನಿನಗೆ ಅರ್ಥ ಆಗಲ್ಲ. ಪ್ರಶ್ನೆ ಕೇಳಬೇಡ, ಫ್ಯಾಕ್ಸ್ ಮಾಡು!”

ಮಾಡಿದಳು.

ಹತ್ತು ನಿಮಿಷದ ಮೇಲೆ ಡೆಬಿಗೆ ಫೋನ್ ಮಾಡಿದೆ. ಪಟ್ಟಿ ಬಂದಿದೆ, ಆದರೆ ಹೆಸರುಗಳು ಸ್ವಲ್ಪ ವಿಚಿತ್ರವಾಗಿವೆ ಅಂದಳು. “ಗ್ಲೋಬಲೈಸೇಶನ್, ಡೆಬಿ!” ಅಂದೆ. “ಒಂದು ಕಾಮಾ ಕೂಡ ಬದಲಾಯಿಸಬೇಡ. ಪತ್ರಕ್ಕೆ ಸೇರಿಸಿ ಇವತ್ತೇ ವಾಷಿಂಗ್ಟನ್‌ಗೆ ಕಳಿಸಿಬಿಡು.”

ಅವಳು ಒಂದು ಕಾಮಾ ಕೂಡ ಬದಲಾಯಿಸಲಿಲ್ಲ.

ಯುಗಾದಿ ಊಟ ಚೆನ್ನಾಗಿಯೇ ಆಯಿತು. ಬೇವು ಬೆಲ್ಲ ತಿಂದು ವಾರಗಳು ಕಳೆದಿದ್ದವು. ಒಂದು ಸೋಮವಾರ ಬೆಳಿಗ್ಗೆ ಫ್ರಾಂಕ್ ನನ್ನನ್ನು ಕೋಣೆಗೆ ಕರೆದ. ಮೇಜಿನ ಮೇಲೆ ಗೆಜೆಟ್‌ನ ಪ್ರತಿ. ಅವನು ಕನ್ನಡಕ ಏರಿಸಿ ಓದತೊಡಗಿದ.

“ಈ ಕೆಳಗಿನವರು ಬ್ರೇಕ್ ಶಬ್ದ ಸಂಶೋಧನಾ ಒಕ್ಕೂಟಕ್ಕೆ ಹೊಸದಾಗಿ ಸೇರಿದ್ದಾರೆ: ಮೂರ್ತಿ ಫೋಲ್ಡಿಂಗ್ ಚೇರ್ಸ್, ನೋವೈ, ಮಿಷಿಗನ್. ಶೆಟ್ಟಿ ಕೋಸಂಬರಿ ಟೂ ಟ್ರೇಸ್, ಫಾರ್ಮಿಂಗ್ಟನ್ ಹಿಲ್ಸ್, ಮಿಷಿಗನ್. ಇಮ್ತಿಯಾಜ್ ಮ್ಯಾಂಗೊ ಅಂಡ್ ನೀಮ್, ಶಿಕಾಗೋ, ಇಲಿನಾಯ್. ಗಿರಿಜಾ ಪಾಯಸ, ಲಿವೋನಿಯಾ, ಮಿಷಿಗನ್.”

ನನ್ನ ಕಿವಿಯಲ್ಲಿ ಕೀಂಯ್ ಎಂದಿತು.

“ಮತ್ತು,” ಎಂದು ಫ್ರಾಂಕ್ ಮುಂದುವರಿಸಿದ, “ಪಾಟೀಲ್ ರೊಟ್ಟಿ, ಟ್ರಾಯ್, ಮಿಷಿಗನ್, ಒಕ್ಕೂಟವನ್ನು ಬಿಟ್ಟಿದೆ.”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಫೋಲ್ಡಿಂಗ್ ಚೇರ್ಸ್ ಹೋಗಲಿ, ಅರ್ಥವಾಗುತ್ತೆ,” ಅಂದ ಫ್ರಾಂಕ್. “ಈ ಗಿರಿಜಾ ಪಾಯಸ ಯಾರು? ಏನು ತಯಾರಿಸುತ್ತಾರೆ?”

“ಪಾಯಸ,” ಅಂದೆ.

ಬೆಳಿಗ್ಗೆಯಿಂದ ಫೋನ್ ನಿಂತಿರಲಿಲ್ಲವಂತೆ. ನಮ್ಮನ್ನು ಕೇಳದೆ ನಾಲ್ಕು ಕಂಪನಿ ಹೇಗೆ ಸೇರಿಸಿದಿರಿ ಎಂದು ಒಬ್ಬ ಹಳೆಯ ಸದಸ್ಯನ ಸಿಟ್ಟು. ಆಬರ್ನ್ ಹಿಲ್ಸ್‌ನಿಂದ ಇನ್ನೊಬ್ಬ ಗುಟ್ಟಾಗಿ ಕೇಳಿದನಂತೆ: ಆ ಟೂ ಟ್ರೇಸ್ ಎನ್ನುವುದು ಹೊಸ ತಂತ್ರಜ್ಞಾನವೇ? ಅದು ಎರಡು ತಟ್ಟೆ ಕೋಸಂಬರಿ ಎಂದು ಅವನಿಗೆ ಹೇಳುವವರಾರು! ನಿಜವಾಗಿ ಸೇರಿದ್ದ ಎರಡು ಕಂಪನಿಗಳು ಮಾತ್ರ ತಮ್ಮ ಹೆಸರೇ ಇಲ್ಲವಲ್ಲ ಎಂದು ತಮ್ಮ ತಮ್ಮ ಲಾಯರ್‌ಗಳನ್ನು ಎಬ್ಬಿಸಿದ್ದವು.

ನಮ್ಮ ಲಾಯರೂ ಬಂದ. ಕಡೆಗೂ ಅವನ ಕೈಗೇ ಬಿತ್ತು ಪಟ್ಟಿ! ಅವನು ಇತ್ತ ಪರಿಹಾರ ಇದು: ತಿದ್ದುಪಡಿ ಕಳಿಸಬೇಕು, ನಿಜವಾದ ಪಟ್ಟಿಯನ್ನೂ ತಡವಾದುದಕ್ಕೆ ಕ್ಷಮೆ ಕೇಳಿ ಜೊತೆಗೆ ಕಳಿಸಬೇಕು. ಅದಕ್ಕೆ ಮೊದಲು, ತಪ್ಪಾಗಿ ಹೆಸರು ಬಿದ್ದ ಐವರಿಂದಲೂ ‘ನಾನು ಎಂದೂ ಈ ಒಕ್ಕೂಟದ ಸದಸ್ಯನಾಗಿರಲಿಲ್ಲ’ ಎಂದು ಸಹಿ ಮಾಡಿದ ಪತ್ರ ಬೇಕು. ಗಡುವು ಶುಕ್ರವಾರ.

“ಐದು ಪತ್ರ ತರದಿದ್ದರೆ,” ಅಂದ ಫ್ರಾಂಕ್, “ಮುಂದಿನ ಪಟ್ಟಿಯಲ್ಲಿ ಬಿಟ್ಟವರ ಕಾಲಂನಲ್ಲಿ ನಿನ್ನ ಹೆಸರಿರುತ್ತೆ.”

ಮನೆಗೆ ಹೋಗಿ ಗೆಜೆಟ್ ತೋರಿಸಿದೆ. ಗಿರಿಜಾ ಓದಿದಳು, ಮತ್ತೊಮ್ಮೆ ಓದಿದಳು.

“ಸಹಿ ಹಾಕು,” ಅಂದೆ.

“ಕಾನೂನಿನ ವಿಷಯ ಅಲ್ವಾ? ನನಗೆ ಅರ್ಥ ಆಗಲ್ಲ,” ಎಂದು ಅಡುಗೆಮನೆಗೆ ಹೋದಳು.

ಆ ರುಜು ಕೊನೆಗೆ ಎಂದು ಬಿಟ್ಟು ಉಳಿದವರ ಬೆನ್ನು ಹತ್ತಿದೆ. ಮೂರ್ತಿಯವರು ಓದದೆಯೇ ಸಹಿ ಹಾಕಿ, ಅವರ ಎರಡು ಕುರ್ಚಿ ಇನ್ನೂ ನಮ್ಮ ಗರಾಜ್‌ನಲ್ಲಿವೆ ಎಂದು ನೆನಪಿಸಿದರು. ಶೆಟ್ಟರು ಬಾಗಿಲಲ್ಲೇ ಗಾಬರಿಯಾದರು.

“ಆಂಟಿ ಟ್ರಸ್ಟಾ? ಯಾವ ಆಂಟಿಯದ್ದು ಮಾರಾಯ್ರೆ? ನಾನು ಯಾವ ಟ್ರಸ್ಟಿಗೂ ಸೇರಿಲ್ಲ. ಮೊನ್ನೆಯಷ್ಟೇ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದೀನಿ!”

“ಸೇರಿಲ್ಲ ಅಂತಾನೇ ಬರೆದಿರೋದು ಶೆಟ್ಟರೆ.”

“ಹಾಗಾದ್ರೆ ಸೇರಿಲ್ಲ ಅಂತ ಯಾಕೆ ಕೇಳ್ತಾರೆ? ಅನುಮಾನ ಇದ್ದರೆ ತಾನೆ ಕೇಳೋದು?”

ಕೋಸಂಬರಿಯಿಂದ ಯಾರಿಗೂ ಗ್ರೀನ್ ಕಾರ್ಡ್ ತಪ್ಪಿಲ್ಲ ಎಂದು ಆಣೆ ಮಾಡಿ ರುಜು ಹಾಕಿಸುವ ಹೊತ್ತಿಗೆ ಒಂದೂವರೆ ತಾಸು ಹೋಯಿತು.

ಮರುದಿನ ಟ್ರಾಯ್. ಡಾಕ್ಟರ್ ಪಾಟೀಲರು ಬಾಗಲಕೋಟೆಯ ಕಡೆಯವರು, ಹೃದಯದ ಡಾಕ್ಟರು. ಯುಗಾದಿ ಊಟಕ್ಕೆ ಜೋಳದ ರೊಟ್ಟಿ ಬೇಕೆಂದು ಅವರು ಹೇಳಿದ್ದರು. ಪುಳಿಯೋಗರೆ ಪಕ್ಷದವರು ಬೇಡವೆಂದಿದ್ದರು. ಡಾಕ್ಟರು ಸದ್ದಿಲ್ಲದೆ ಹೊರಬಿದ್ದಿದ್ದರು. ಸದ್ದಿಲ್ಲದ ಆ ಮುನಿಸು ಈಗ ದೇಶದ ಗೆಜೆಟ್‌ನಲ್ಲಿ!

“ನನ್ನ ಪೇಷಂಟ್ ಒಬ್ಬಾವ ವಕೀಲ ಅದಾನ,” ಅಂದರು ಡಾಕ್ಟರು. “ನಿನ್ನೆ ಬಂದಾವ ಕೇಳ್ತಾನ, ಡಾಕ್ಟರ್, ರೊಟ್ಟಿ ಬಿಸಿನೆಸ್ ಯಾಕ ಬಿಟ್ರಿ ಅಂತ!”

“ತಪ್ಪಾಯ್ತು ಡಾಕ್ಟ್ರೇ. ನಾನೆಂದೂ ಬಿಟ್ಟಿಲ್ಲ, ಯಾಕಂದ್ರೆ ನಾನೆಂದೂ ಸೇರಿರಲಿಲ್ಲ ಅಂತ ಇಲ್ಲಿ ಒಂದು ಸಹಿ.”

“ಅದ್ಹೆಂಗ? ನಾ ಬಿಟ್ಟಿದ್ದು ಖರೇ ಐತಿ. ಸುಳ್ಳು ಬರದು ಸಹಿ ಮಾಡಾವ ಅಲ್ಲ ನಾ.”

“ನೀವು ಬಿಟ್ಟಿದ್ದು ಊಟ. ಬ್ರೇಕ್ ಅಲ್ಲ.”

“ಊಟ ಬಿಟ್ಟಿದ್ದಕ್ಕ ಯಾರಾರ ಯಾಕಂತ ಕೇಳಿದ್ರೇನು? ಮದಲ ಅದನ್ನ ಬರಕೊಡ್ರಿ. ಮುಂದಿನ ಯುಗಾದಿಗೆ ರೊಟ್ಟಿ, ಎಣ್ಣೆಗಾಯಿ ಇರ್ತಾವಂತ ಬರೀರಿ. ನಿಮ್ಮ ಸಹಿ ಹಾಕ್ರಿ.”

ಬರೆದುಕೊಟ್ಟೆ. ಬ್ರೇಕಿನ ಒಕ್ಕೂಟದ ಪತ್ರ ಕೇಳಲು ಹೋದವನು ಎಣ್ಣೆಗಾಯಿಯ ಒಪ್ಪಂದಕ್ಕೆ ಸಹಿ ಹಾಕಿ ಬಂದೆ. ನಿಜ ಹೇಳಬೇಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ಕಾರ್ಯದರ್ಶಿಯಾಗಿ ನಾನೂ ಕೇಳಿರಲಿಲ್ಲ, ಹೆಸರನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಸರಿಸಿದ್ದೆ ಅಷ್ಟೆ. ಸಹಿ ಮಾಡಿದ ಮೇಲೆ ಡಾಕ್ಟರು ನನಗೆ ರೊಟ್ಟಿ ಬಡಿಸಿಯೇ ಕಳಿಸಿದರು.

ಗುರುವಾರ ಬೆಳಿಗ್ಗೆ ರಜೆ ಹಾಕಿ ಶಿಕಾಗೋಗೆ ಡ್ರೈವ್ ಮಾಡಿದೆ. ಇಮ್ತಿಯಾಜ್ ಭಾಯಿ ದಾವಣಗೆರೆಯವರು. ಡೆವನ್ ಅವೆನ್ಯೂನಲ್ಲಿ ದಿನಸಿ ಅಂಗಡಿ. ನಮ್ಮ ಯುಗಾದಿಗೆ ಮಾವಿನಕಾಯಿ, ಬೇವಿನ ಸೊಪ್ಪು ತಮ್ಮ ವ್ಯಾನಿನಲ್ಲಿ ಕಳಿಸಿದ್ದವರು ಅವರೇ. ಪಾರ್ಕಿಂಗ್‌ಗಾಗಿ ನಾಲ್ಕು ಸುತ್ತು ಹೊಡೆದು ಒಳಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ, ಊದಿನಕಡ್ಡಿ ಪ್ಯಾಕೆಟ್‌ಗಳ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಗೆಜೆಟ್ ನೇತಾಡುತ್ತಿತ್ತು! ನಾನೇ ಫೋನಿನಲ್ಲಿ ವಿಷಯ ತಿಳಿಸಿ, ಫ್ಯಾಕ್ಸ್‌ನಲ್ಲಿ ಪ್ರತಿಯನ್ನೂ ಕಳಿಸಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ!

“ಬರ್ರಿ ಸಾರ್, ಬರ್ರಿ! ನಮ್ಮ ಬಾಮೈದಗೆ ದಾವಣಗೆರೆಗೆ ಫೋನ್ ಮಾಡಿ ಹೇಳ್ದೆ. ಅಮೆರಿಕಾ ಸರ್ಕಾರದೋರೇ ಹೆಸರು ಹಾಕ್ಯಾರೆ ಅಂತ. ಅವ್ನು ಓಣಿಗೆಲ್ಲ ಹೇಳ್ಯಾನೆ.”

“ಭಾಯಿ, ಅದು ತಪ್ಪಾಗಿ ಬಿದ್ದಿರೋ ಹೆಸರು. ತೆಗೀಬೇಕು.”

ಅವರ ಮುಖ ಸಣ್ಣದಾಯಿತು. “ಸರ್ಕಾರ ಹಾಕಿದ್ದ ಹೆಸರು ನೀವ್ ಹೆಂಗ್ ತಗೀತೀರಿ ಸಾರ್? ಬೇಕಾದ್ರೆ ನಾನೇ ರಾಜೀನಾಮೆ ಕೊಡ್ತೀನಿ. ಯಾಪಾರದ ಒತ್ತಡ ಅಂತ ಬರ್ದು, ಮರ್ಯಾದೆಯಿಂದ ಹೊರಗೆ ಬರ್ತೀನಿ.”

“ಸೇರದೆ ರಾಜೀನಾಮೆ ಕೊಡೋಕಾಗಲ್ಲ ಭಾಯಿ.”

ಅವರು ಚಹಾ ತರಿಸಿದರು. ನಾನು ಕುಡಿಯುತ್ತಾ, ಈ ಪತ್ರ ಹೋಗದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡೆ. ಭಾಯಿ ಪೆನ್ನು ತೆಗೆದರು.

“ಮದ್ಲೇ ಹೇಳ್ಬಾರ್ದಾ ಸಾರ್? ಮನೆ ನಡೆಯೋ ವಿಷ್ಯ. ಆದ್ರೆ ಒಂದು ಮಾತು. ಈ ತಿದ್ದುಪಡೀನಾಗೆ ನಮ್ಮ ಹೆಸರು ಬರ್ತತಾ?”

“ಇಂಥವರ ಹೆಸರು ತಪ್ಪಾಗಿ ಬಿದ್ದಿತ್ತು ಅಂತ ಬರುತ್ತೆ.”

“ಹಂಗಾದ್ರೆ ಎರಡ್ ಸಲ ಆತು!” ಎಂದು ಸಹಿ ಹಾಕಿ, ಎರಡನೆಯ ಚೌಕಟ್ಟಿಗೆ ಗೋಡೆಯ ಮೇಲೆ ಜಾಗ ಅಳೆಯತೊಡಗಿದರು.

ಶುಕ್ರವಾರ ಬೆಳಿಗ್ಗೆ ನಾಲ್ಕು ಪತ್ರ ಹಿಡಿದು ಗಿರಿಜಾಳ ಮುಂದೆ ನಿಂತೆ. “ತಪ್ಪು ನಂದೇ. ನೀನು ಎರಡು ಸಲ ಹೇಳೋಕೆ ಬಂದೆ, ನಾನು ಬಾಯಿ ಮುಚ್ಚಿಸಿದೆ,” ಅಂದೆ. ಅವಳು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು.

“ಸಹಿ ಹಾಕ್ತೀನಿ. ಆದ್ರೆ ಪತ್ರ ನಿಮ್ಮ ಕೈಗೆ ಕೊಡಲ್ಲ. ನಾನೇ ಬಂದು ಕೊಡ್ತೀನಿ.”

ಗಿರಿಜಾ ಮದುವೆಗೆ ಮುಂಚೆ ಮಂಡ್ಯದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದವಳು. ಆಫೀಸಿಗೆ ಬಂದು ಫ್ರಾಂಕ್‌ನ ಕೈಗೆ ಪತ್ರ ಕೊಟ್ಟಳು. ಮೇಜಿನ ಮೇಲಿದ್ದ ತಿದ್ದುಪಡಿಯ ಕರಡನ್ನು ನೋಡಬಹುದೇ ಎಂದು ಕೇಳಿದಳು. ನಾನು ಮೂರು ಸಲ ಓದಿದ್ದ ಕರಡು, ಲಾಯರ್ ಎರಡು ಸಲ ಓದಿದ್ದ. ಅವಳು ಕೈಚೀಲದಿಂದ ಪೆನ್ಸಿಲ್ ತೆಗೆದಳು.

“ಈ ರಬ್ಬರ್ ಕಂಪನಿ ಓಹಾಯೋದಲ್ಲಿದೆ ಅಂತ ಮೇಲೆ ಬರೆದಿದೀರ. ಕೆಳಗೆ ಇಂಡಿಯಾನ ಅಂತ ಇದೆ. ಯಾವುದು ಸರಿ? ಮತ್ತೆ ಬಿಟ್ಟುಹೋದ ಕಂಪನಿ ಸೇರಿದವರ ಪಟ್ಟಿಯಲ್ಲೂ ಇದೆಯಲ್ಲ?”

ಫ್ರಾಂಕ್ ಲಾಯರ್‌ನನ್ನು ನೋಡಿದ. ಲಾಯರ್ ನನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ತಿದ್ದುಪಡಿ ಅಚ್ಚಾಯಿತು. ಯಾರೂ ಕೇಸು ಹಾಕಲಿಲ್ಲ. ನನ್ನ ಕೆಲಸ ಉಳಿಯಿತು, ಸ್ವಲ್ಪ ಬದಲಾವಣೆಯೊಂದಿಗೆ. ವಾರಕ್ಕೆ ಮೂರು ದಿನ ಬಂದು ಸರ್ಕಾರಕ್ಕೆ ಹೋಗುವ ಎಲ್ಲ ಕಾಗದಗಳನ್ನು ನೋಡಿಕೊಳ್ಳಲು ಫ್ರಾಂಕ್ ಗಿರಿಜಾಳನ್ನು ನೇಮಿಸಿಕೊಂಡ. ಅವಳ ಪೆನ್ಸಿಲ್ ದಾಟದೆ ನನ್ನ ಯಾವ ಹಾಳೆಯೂ ಬಾಗಿಲು ದಾಟುವಂತಿಲ್ಲ ಎಂದು ಆಜ್ಞೆಯಾಯಿತು.

ಮೊದಲ ವಾರವೇ ನನ್ನದೊಂದು ಪತ್ರ ಅವಳ ಮೇಜಿಗೆ ಹೋಯಿತು. ಈ ಸಲ ತಪ್ಪು ಸಿಕ್ಕದಂತೆ ಅಕ್ಷರ ಅಕ್ಷರ ಕೂಡಿಸಿ ಓದಿದ್ದೆ. ಹತ್ತೇ ನಿಮಿಷದಲ್ಲಿ ವಾಪಸು ಬಂತು. ಕೆಳಗೆ ನನ್ನ ಹೆಸರು ‘ನಾಗಭೂಷಣ’ ಎಂದಿರಬೇಕಾದಲ್ಲಿ ನಾನು ‘ನಾಗಭೂಷ’ ಎಂದು ಟೈಪ್ ಮಾಡಿದ್ದೆ. ಅದರ ಸುತ್ತ ಪೆನ್ಸಿಲಿನ ಗುಂಡಗಿನ ಗೆರೆ. ಪಕ್ಕದಲ್ಲಿ ಗಿರಿಜಾಳ ಮುದ್ದಾದ ಕೈಬರಹ:

“ಈ ವ್ಯಕ್ತಿ ಯಾರು? ವಿಚಾರಿಸಿ ತಿಳಿಸುವುದು.”