ಮೊಳೆ ಸಿಗದೆ ಕಾರು ಬಿಡದ ನಮ್ಮ ಮಾವ

ರೂಪಾ, ಮಂಜು, ಮೊಮ್ಮಕ್ಕಳೇ, ಇಬ್ಬರೂ ಕೇಳಿ. ಕಾರಿನ ಟ್ಯೂಬಿಗೆ ಕಿವಿಯಿಟ್ಟು ಅದರ ಕಷ್ಟಸುಖವನ್ನೆಲ್ಲ ಕೇಳಿಸಿಕೊಂಡು, ಕಟ್ಟಿಕೊಂಡ ಹೆಂಡತಿಯ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಗಂಡಸು ಇಡೀ ಬಂಗಾರಪೇಟೆಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ. ಅಪ್ಪ ಅಮ್ಮ ಇಲ್ಲದ ನನ್ನನ್ನು ಹಳ್ಳಿಯಿಂದ ಕರೆತಂದು ಸಾಕಿದವರು ಅವರು ಮತ್ತು ನಮ್ಮತ್ತೆ. ಹೆಸರು ಮಾತ್ರ ಬರೆಯುವುದಿಲ್ಲ. ಹಿರಿಯರ ಹೆಸರು ಬರೆಯಲು ಈ ವಯಸ್ಸಿನಲ್ಲೂ ನನಗೆ ಕೈ ಬಾರದು!

ಅವರದು ಪಂಚರ್ ಅಂಗಡಿ. ಹೊಂಗೆಮರದ ಕೆಳಗೆ ನಾಲ್ಕು ತಗಡು, ಅಷ್ಟೇ. ಸ್ಟೇಷನ್ನಿನಿಂದ ಚಿನ್ನದ ಗಣಿಗಳಿದ್ದ ಊರಿಗಾಂ, ನಂದಿದುರ್ಗದ ಕಡೆಗೆ ಓಡುವ ಬಾಡಿಗೆ ಕಾರುಗಳು ಅಲ್ಲಿಗೇ ಕುಂಟಿಕೊಂಡು ಬರುತ್ತಿದ್ದವು. ಬೇರೆಯವರು ಟ್ಯೂಬಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡುತ್ತಾರೆ. ನಮ್ಮ ಮಾವನಿಗೆ ನೀರೆಲ್ಲ ಆಮೇಲೆ. ಮೊದಲು ಟ್ಯೂಬನ್ನು ಎಳೆಮಗುವಿನ ಹಾಗೆ ಎತ್ತಿ ಕಿವಿಗೆ ಒತ್ತಿಕೊಳ್ಳಬೇಕು. ಆಗ ರಸ್ತೆಯಲ್ಲಿ ಒಬ್ಬರೂ ಉಸಿರೆತ್ತುವಂತಿಲ್ಲ!

"ಸುಮ್ಕಿರ್ರಲಾ! ಉಸ್ರು ಕೇಳ್ಬೇಕು!"

ಕಡಲೆಕಾಯಿ ಮಾರುವವನು ಬಾಯಿ ಮುಚ್ಚುತ್ತಿದ್ದ. ಜಟಕಾದವನು ಕುದುರೆಯ ಗೆಜ್ಜೆ ಹಿಡಿದುಕೊಳ್ಳುತ್ತಿದ್ದ. ಒಮ್ಮೆ ಮದ್ರಾಸಿನ ರೈಲು ಆ ಹೊತ್ತಿಗೇ ಸರಿಯಾಗಿ ಸಿಳ್ಳೆ ಹಾಕಿತು. ಮಾವ ಟಯರು ಬಿಚ್ಚುವ ಕಬ್ಬಿಣದ ಪಟ್ಟಿ ಎತ್ತಿಕೊಂಡು ರೈಲಿನ ಹಿಂದೆ ಓಡಿದರು! ಏದುಸಿರು ಬಿಡುತ್ತ ವಾಪಸು ಬಂದು ಏನು ಹೇಳಿದರು ಗೊತ್ತೇ?

"ಎದ್ರುಕೊಂಡು ಓಡೋದ ನನ್ಮಗ."

ತೂತು ಸಿಕ್ಕಿದ ಮೇಲೆ ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಲೂಷನ್ ಅನ್ನುವ ಅಂಟು ಬಳಿದು, ಒಣಗಲು ಬಿಟ್ಟು, ರಬ್ಬರಿನ ತೇಪೆ ಅಂಟಿಸಿ, ಕಬ್ಬಿಣದ ಅಚ್ಚಿನಲ್ಲಿ ಬಿಗಿದು ಕಾಯಿಸುತ್ತಿದ್ದರು. ಅಲ್ಲಿಗೆ ಮುಗಿಯಿತೇ? ಎಲ್ಲಿ ಬಂತು! ಟಯರಿನ ಒಳಗೆಲ್ಲ ಕೈಯಾಡಿಸಿ, ಚುಚ್ಚಿದ ಮೊಳೆಯನ್ನೋ ಮುಳ್ಳನ್ನೋ ಹಿಡಿಯುವವರೆಗೂ ಕಾರು ಬಿಡುತ್ತಿರಲಿಲ್ಲ. "ಕಳ್ಳನ್ನ ಒಳಗೇ ಬುಟ್ಟು ಬಾಗ್ಲು ಹಾಕ್ಕಂಡ್ರೆ ಆಯ್ತದಾ?" ಎಂಬುದು ಅವರ ಪ್ರಶ್ನೆ. ಸಿಕ್ಕ ಕಳ್ಳರನ್ನೆಲ್ಲ ಒಂದು ಗಾಜಿನ ಜಾಡಿಗೆ ಹಾಕುತ್ತಿದ್ದರು. ಅದು ಜೈಲು. ಜಾಡಿ ಎಲ್ಲಿಯದು ಅನ್ನುತ್ತೀರಾ? ನಮ್ಮತ್ತೆಯದು! ಉಪ್ಪಿನಕಾಯಿಯನ್ನು ಕುಡಿಕೆಗೆ ಸುರಿದು ಹೊತ್ತೊಯ್ದಿದ್ದರು.

"ನಿಮ್ ಜೈಲಿಗೆ ಬೆಂಕಿ ಬೀಳ! ಉಪ್ಪಿನ್ಕಾಯೆಲ್ಲಾ ಬೂಷ್ಟು ಇಡೀತಲ್ಲಾ!"

"ಜೈಲೂಟ ಅಂದ್ರೆ ಅಂಗೇ ಕಣೇ."

ಇಂಥವರ ಮನೆಗೆ ನನ್ನನ್ನು ನೋಡಲು ಊರಿಗಾಂನಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದವರು "ಹುಡುಗಿ ಮೂಗಿ ಇರಬೇಕು" ಎಂದು ಎದ್ದು ಹೋಗಿದ್ದರು. ಹೊಸಬರ ಮುಂದೆ ನನಗೆ ನಾಲಿಗೆ ಏಳುತ್ತಿರಲಿಲ್ಲ, ಏನು ಮಾಡಲಿ? ಇದೂ ತಪ್ಪಿಹೋದರೆ ಮುಂದೆ ಯಾರೂ ಬರುವುದಿಲ್ಲವೆಂದು ಅತ್ತೆ ದೇವರಿಗೆ ಮುಡಿಪು ಕಟ್ಟಿದ್ದರು. ರಾಹುಕಾಲ ಬರುವುದರೊಳಗೆ ಹೆಣ್ಣು ನೋಡಬೇಕು. ಗಂಡಿನವರ ಕಾರು ಪಂಚರ್ ಆಗಿ ನಿಂತದ್ದೆಲ್ಲಿ? ಇನ್ನೆಲ್ಲಿ!

ಅಲ್ಲಿ ನಡೆದದ್ದನ್ನು ನಿಮ್ಮ ತಾತ ನನಗೆ ಆಮೇಲೆ ಹೇಳಿದರು. ತೇಪೆ ಕಾದು ಆರಿತ್ತು. ಮಾವ ಇನ್ನೂ ಟಯರಿನೊಳಗೆ ಕೈಯಾಡಿಸುತ್ತಿದ್ದರು. ಗಂಡಿನ ತಂದೆಗೆ ಸಿಟ್ಟು ನೆತ್ತಿಗೇರಿತು.

"ಬೇಗ ಮಾಡಯ್ಯಾ! ನಮ್ ಬೀಗರಾಗೋರು ಯಾರು ಗೊತ್ತಾ ನಿಂಗೆ? ದೊಡ್ ಮೋಟಾರ್ ಕಂಪ್ನಿ ಮಡಗವ್ರೆ. ಒಂದ್ ಮಾತಂದ್ರೆ ನಿನ್ ಅಂಗ್ಡೀನೇ ಕೀಳಿಸ್ಬುಡ್ತಾರೆ!" ಎಂದು ಮಾವನ ಹೆಸರನ್ನೇ ಹೇಳಿದರು.

ಸಂಬಂಧ ತಂದವನು ನಾಲ್ಕು ತಗಡನ್ನು ಅಷ್ಟು ದೊಡ್ಡದು ಮಾಡಿದ್ದ! ಮಾವ ಕೈಮುಗಿದರು.

"ಅಯ್ಯೋ, ಅವ್ರ ತಾವ ಹೇಳ್ಬೇಡಿ ಸ್ವಾಮಿ. ಭಾಳ ಮುಂಗೋಪಿ."

ಹೇಳಿ ಮತ್ತೆ ಟಯರಿಗೇ ಕೈ ಹಾಕಿದರು. ಆಗ ಹುಡುಗ, ಅಂದರೆ ನಿಮ್ಮ ತಾತ, ಹೊಸ ಶರಟಿನ ತೋಳು ಮಡಚಿ ಪಕ್ಕದಲ್ಲಿ ಕುಕ್ಕರಿಸಿದರು. "ಆ ಕಡೆ ನೀವ್ ನೋಡಿ, ಈ ಕಡೆ ನಾನ್ ನೋಡ್ತೀನಿ." ಮೊಳೆ ಸಿಕ್ಕಿದ್ದು ಅವರ ಕೈಗೆ! ಆಮೇಲೆ ಪಂಪನ್ನೂ ಅವರೇ ಒತ್ತಿ ಗಾಳಿ ತುಂಬಿದರು. ಬೆವರು ಒರೆಸಿಕೊಂಡಾಗ ಕೆನ್ನೆಯ ಮೇಲೆ ಐದು ಬೆರಳಿನ ಮಸಿ ಮೂಡಿತು. ಮಾವ ನೋಡಿದರು. ಹೇಳಲಿಲ್ಲ. "ನಂದೂ ಆ ಕಡೆನೇ" ಎಂದು ಡ್ರೈವರ್ ಪಕ್ಕ ಹತ್ತಿ ಕುಳಿತರು.

ಮನೆ ಮುಂದೆ ಇಳಿದವರೇ ಬಾಗಿಲಲ್ಲಿ ತಿರುಗಿ ನಿಂತು, "ಬನ್ನಿ ಬನ್ನಿ, ಮೋಟಾರ್ ಕಂಪ್ನಿ ಯಜಮಾನ ನಾನೇಯ" ಅಂದರು!

ಗಂಡಿನ ತಂದೆಯ ಮುಖ ಗಾಳಿ ಹೋದ ಟಯರಿನಂತಾಯಿತು. ಒಳಗೆ ಬಂದು ಕೂತವರು ತಕ್ಷಣ ಎದ್ದರು. "ಇದು ಮೋಸ! ನಡಿಯೋ, ಹೋಗಾನ." ಅತ್ತೆ ಕಂಬ ಹಿಡಿದು ನಿಂತರು.

"ಕಂಪ್ನಿ ಇಲ್ಲ ಸ್ವಾಮಿ, ದಿಟ," ಎಂದರು ಮಾವ. "ಹುಡ್ಗಿ ಅವ್ಳೆ. ನೋಡಿ ಓಗ್ಬಾರ್ದಾ?"

ಕೇಸರಿಬಾತಿನ ತಟ್ಟೆ ಹಿಡಿದು ಬಂದ ನಾನು ತಲೆಯೆತ್ತಿದೆ. ಎದುರಿಗೆ ಆ ಕೆನ್ನೆ! ಅದರ ಮೇಲೆ ಆ ಐದು ಬೆರಳು! ನಗು ತಡೆಯಲಾಗಲಿಲ್ಲ. ತಟ್ಟೆ ಗಡಗಡ ನಡುಗಿತು. ಬಾಯಿಂದ ತಾನಾಗಿಯೇ ಮಾತು ಬಂತು.

"ಕೆನ್ನೆ ಮ್ಯಾಲೆ ಮಸಿ."

ಅವರು ಒರೆಸಿಕೊಂಡರು. ಇನ್ನೊಂದು ಕೆನ್ನೆಗೂ ಆಯಿತು!

"ಈಗ?"

"ಈಗ ಎರಡೂ ಕಡೆ."

ಅವರು ಜೋರಾಗಿ ನಕ್ಕು, ತಂದೆಯ ಕೈ ಹಿಡಿದು ಎಳೆದು, "ಕೂತ್ಕೊಳಪ್ಪಾ, ಕೇಸರಿಬಾತ್ ಆರೋಯ್ತದೆ" ಅಂದರು. ತಂದೆ ಮಗನ ಮುಖ ನೋಡಿದರು, ತಟ್ಟೆ ನೋಡಿದರು, ಕೂತರು. ರಾಹುಕಾಲ ಆಗಲೇ ಬಂದಿತ್ತು. ಯಾರಿಗೂ ನೆನಪಾಗಲಿಲ್ಲ.

ಮದುವೆಯಾಗಿ ನಾನು ಊರಿಗಾಂಗೆ ಹೊರಡುವ ದಿನ, ಹೂ ಕಟ್ಟಿದ ಕಾರು ಮನೆ ಮುಂದೆ ನಿಂತಿತ್ತು. ಮಾವ ಜರತಾರಿ ಪಂಚೆಯಲ್ಲೇ ಒಂದೊಂದು ಚಕ್ರದ ಪಕ್ಕದಲ್ಲೂ ಕುಕ್ಕರಿಸಿ ಸವರಿ ನೋಡುತ್ತಿದ್ದರು.

"ಎಲ್ಲಾ ಸರ್ಯಾಗದೆ ಅಣ್ಣೋ, ಹೊಸ ಟಯರು" ಎಂದ ಡ್ರೈವರ್.

"ತಡಿಯಪ್ಪಾ. ಇನ್ನೊಂದ್ ಸುತ್ತು ನೋಡ್ಬುಡ್ತೀನಿ."

ನೋಡಿದರು. ಮತ್ತೆ ಮೊದಲ ಚಕ್ರಕ್ಕೇ ಬಂದರು. ನನ್ನ ಕಿಟಕಿಯ ಕೆಳಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ನರೆಗೂದಲಿನಲ್ಲಿ ನನ್ನ ಮದುವೆಯ ಅಕ್ಷತೆ ಸಿಕ್ಕಿಕೊಂಡಿತ್ತು. ಕೈ ಚಾಚಿ ಒಂದೊಂದೇ ಕಾಳು ತೆಗೆದೆ. ಅವರು ಮೇಲೆ ನೋಡಲೇ ಇಲ್ಲ.

ಮಕ್ಕಳೇ, ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಇರುವುದು ಈ ಹಾಳೆಗಳಷ್ಟೇ. ಅಕ್ಕಿ ಡಬ್ಬದ ಹತ್ತಿರ ಇಟ್ಟೀರಿ, ಇಲಿ ಕಡಿಯುತ್ತದೆ. ಬೀರುವಿನಲ್ಲಿ, ನನ್ನ ಸೀರೆಗಳ ಮಡಿಕೆಯೊಳಗೆ ಇಟ್ಟು ಕಾಪಾಡಿ.