ಒಂದು ಪಬ್ಬು ಸತ್ತರೆ ಒಂದು ಪಬ್ಬು

ನಮ್ಮ ಐರ್ಲೆಂಡಿನಲ್ಲಿ ಕಾನೂನು ಮಾಡಿದವರು ಬಹಳ ದೊಡ್ಡ ಮನಸ್ಸಿನವರು. ಹೊಸ ಪಬ್ಬು ತೆರೆಯಬೇಕೇ? ಧಾರಾಳವಾಗಿ ತೆರೆಯಿರಿ ಎನ್ನುತ್ತಾರೆ. ಆದರೆ ಅದಕ್ಕೆ ಮೊದಲು ದೇಶದ ಯಾವುದಾದರೊಂದು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಬದುಕಿರುವ ಹಳೆಯ ಪಬ್ಬೊಂದನ್ನು ಹುಡುಕಬೇಕು. ಅದರ ಲೈಸೆನ್ಸು ಕೊಂಡುಕೊಳ್ಳಬೇಕು. ಆಮೇಲೆ ಅದರ ಕತ್ತು ಹಿಸುಕಿ, ಕೋರ್ಟಿಗೆ ಬಂದು, 'ಸತ್ತಿದೆ ಸ್ವಾಮಿ' ಎಂದು ಪ್ರಮಾಣ ಮಾಡಬೇಕು. ಆಗ ಜಡ್ಜಿ ಸಾಹೇಬರು ಪ್ರಸನ್ನರಾಗಿ ಹೊಸದೊಂದನ್ನು ದಯಪಾಲಿಸುತ್ತಾರೆ. ದೇಶದಲ್ಲಿ ಕುಡಿತ ಹೆಚ್ಚಲೂಬಾರದು, ಹಾಗಂತ ಕಡಿಮೆಯೂ ಆಗಬಾರದು ಎಂಬುದು ಸರ್ಕಾರದ ಘನ ಉದ್ದೇಶವಿರಬೇಕು. ಆ ಉದ್ದೇಶಕ್ಕೆ ಬಲಿಯಾದವರ ಪಟ್ಟಿ ಮಾಡಿದರೆ ಮೊದಲ ಹೆಸರು ನನ್ನದು, ಮಲಾಕಿ ಟೂಹಿ, ನಿವೃತ್ತ ಅಂಚೆಯಣ್ಣ, ಬಾಲಿಕ್ರೀನ್.

ನನಗೆ ಪಬ್ಬು ಏಕೆ ಬೇಕಿತ್ತು ಎಂದು ಕೇಳುತ್ತೀರಿ. ದುಡ್ಡಿಗಲ್ಲ. ನನಗೆ ಬೇಕಿದ್ದದ್ದು ಒಂದು ಸ್ಟೂಲು. ಮನೆಯಲ್ಲಿ ನನ್ನದೆಂದು ಒಂದು ಕುರ್ಚಿ ಇದೆ (ಬೆಕ್ಕು ಎದ್ದ ಮೇಲೆ). ಅದರಲ್ಲಿ ಕೂತು ಕಣ್ಣು ಮುಚ್ಚಿದೆನೋ ಇಲ್ಲವೋ, ನನ್ನ ಹೆಂಡತಿ ಬ್ರೀಡಾ ಕಸ ಹೊಡೆಯುವ ಯಂತ್ರ ಹಿಡಿದು ಬಂದು 'ಕಾಲೆತ್ತು' ಎನ್ನುತ್ತಾಳೆ. ಮೂವತ್ತೊಂದು ವರ್ಷ ಊರೆಲ್ಲ ಸುತ್ತಿ ಸವೆದ ಕಾಲು ಇದು, ಇನ್ನೂ ಎತ್ತಬೇಕಂತೆ. ಊರಿನ ಪಬ್ಬುಗಳಿಗೆ ಹೋಗೋಣವೆಂದರೆ ಒಂದರಲ್ಲಿ ಗೋಡೆಯಷ್ಟು ದೊಡ್ಡ ಟೀವಿ, ಇನ್ನೊಂದರಲ್ಲಿ ಹಾಡಲು ಬಾರದವರ ಹಾಡು. ನುವಾಲಾ ಹೆಫರ್ನನ್ ಅವಳ ಪಬ್ಬಿನಲ್ಲಿ ಶಾಂತಿಯೇನೋ ಇದೆ, ಆದರೆ ನಾನು ಎರಡನೆಯ ಗ್ಲಾಸು ಮುಗಿಸುವುದರೊಳಗೆ ಬ್ರೀಡಾಳಿಗೆ ಸುದ್ದಿ ತಲುಪಿರುತ್ತದೆ. ಮೂವತ್ತೊಂದು ವರ್ಷ ಅಂಚೆ ಹಂಚಿದ ನನಗೇ ಅಷ್ಟು ವೇಗ ಸಾಧ್ಯವಾಗಿರಲಿಲ್ಲ.

ಹೀಗಿರುವಾಗ ನನ್ನ ಸೋದರತ್ತೆಯೊಬ್ಬಳು ತೀರಿಕೊಂಡು ಪೇಟೆಬೀದಿಯಲ್ಲಿದ್ದ ತನ್ನ ಮೊಳೆ-ಬೀಗದ ಅಂಗಡಿಯನ್ನು ನನಗೆ ಬಿಟ್ಟುಹೋದಳು. ಖಾಲಿ ಅಂಗಡಿಯೊಳಗೆ ನಿಂತಾಗಲೇ ನನಗೆ ದಿವ್ಯದರ್ಶನವಾಯಿತು: ಇಲ್ಲಿ ಕೌಂಟರು, ಆ ಕೌಂಟರಿನ ತುದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಿಟಕಿಯ ಪಕ್ಕ ಒಂದು ಎತ್ತರದ ಸ್ಟೂಲು. ಅದರ ಮೇಲೆ ನಾನು. ಕಾಲು ಅಲ್ಲಾಡಿಸಬೇಕಾಗಿಲ್ಲ, ಯಾಕೆಂದರೆ ಎತ್ತು ಎನ್ನುವವರಿಲ್ಲ.

ಬ್ರೀಡಾ ಅಲ್ಲಿ ಉಲ್ಲನ್ನಿನ ಅಂಗಡಿ ಹಾಕಬೇಕೆಂದಿದ್ದಳು.

"ಊರಲ್ಲಿ ಒಂಬತ್ತು ಪಬ್ಬಿವೆ ಮಲಾಕಿ. ಇರೋ ಜನ ಒಂಬೈನೂರು. ಅದ್ರಲ್ಲಿ ನೂರು ಕೂಸುಗಳು."

"ಕೂಸುಗಳೂ ಬೆಳೀತಾವಲ್ಲ."

"ಬೆಳೀತಾವೆ. ನೀನೊಬ್ಬ ಬೆಳೀಲಿಲ್ಲ ಅಷ್ಟೆ."

ಹೀಗೆ ಆರು ವಾರ ನಡೆಯಿತು. ನಾನು ಪರಂಪರೆ ಎಂದೆ, ಸಂಸ್ಕೃತಿ ಎಂದೆ, ಗ್ರಾಮೀಣ ಜೀವನದ ಪುನರುತ್ಥಾನ ಎಂದೆ. ಅವಳು ಸೂಜಿಯಿಂದ ಕಣ್ಣೆತ್ತದೆ ಸ್ವೆಟರಿನ ಒಂದು ತೋಳು ಮುಗಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ (ಮನಸ್ಸಿನಲ್ಲೇ. ಸೂಜಿ ಅವಳ ಕೈಯಲ್ಲಿತ್ತು).

ಇಲ್ಲಿ ನನ್ನ ಮಾವನವರ ವಿಷಯ ಹೇಳಲೇಬೇಕು, ಹೇಳದೆ ಗತಿಯಿಲ್ಲ. ಬ್ರೀಡಾಳ ತಂದೆ ಬಾರ್ಟ್ಲಿ, ವಯಸ್ಸು ಎಂಬತ್ತನಾಲ್ಕು, ಊರು ಲೀಟ್ರಿಮ್ ಜಿಲ್ಲೆಯಲ್ಲಿ, ಇಲ್ಲಿಂದ ಮೂರು ಗಂಟೆ ದಾರಿ. ನಾಲ್ಕು ರಸ್ತೆ ಕೂಡುವ ಜಾಗವಾದ್ದರಿಂದ ಆ ಊರನ್ನು ಎಲ್ಲರೂ 'ಕ್ರಾಸು' ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತಿದ್ದೆ. ಮಾವನಿಗೆ ಕಾಗದ ಬರೆಯುವುದು ಬ್ರೀಡಾಳ ಇಲಾಖೆ. ಪ್ರತಿ ಕ್ರಿಸ್‌ಮಸ್ಸಿಗೆ ಅವರು ಮೂರು ದಿನದ ಮಟ್ಟಿಗೆ ಬಂದು ನನ್ನ ಕುರ್ಚಿಯನ್ನು ಅಲಂಕರಿಸುತ್ತಾರೆ. ಅವರಿಗೆ ಬೆಕ್ಕು ಕೂಡ ಎದ್ದು ಜಾಗ ಬಿಡುತ್ತದೆ. ಕೂತವರು ನಮ್ಮ ಮನೆಯ ಬೆಂಕಿ, ನಮ್ಮ ಬಿಯರು, ನಮ್ಮೂರಿನ ಹವೆ, ಎಲ್ಲವನ್ನೂ ಪರಾಮರ್ಶಿಸಿ ಕೊನೆಗೆ ಒಂದೇ ತೀರ್ಪು ಕೊಡುತ್ತಾರೆ: "ಪೆಗ್ಗಿ ಮನೇಲಿ ಹೀಗಿರಲ್ಲ."

ಪೆಗ್ಗಿ ಮನೆ ಎಂದರೆ ಅವರ ಊರಿನ ಪಬ್ಬು. ಪೆಗ್ಗಿ ಸತ್ತು ಅರವತ್ತು ವರ್ಷವಾಗಿದೆ. ಆಮೇಲೆ ಇಬ್ಬರು ಮೂವರು ಮಾಲೀಕರು ಬಂದು ಹೋದರು. ಆದರೆ ನಮ್ಮ ಕಡೆ ಪಬ್ಬಿಗೆ ಒಮ್ಮೆ ಒಬ್ಬರ ಹೆಸರು ಅಂಟಿತೆಂದರೆ ಆಯಿತು, ಆಮೇಲೆ ಬಂದವರು ಬರೀ ತೆರಿಗೆ ಕಟ್ಟಲಿಕ್ಕೆ. ನನ್ನ ಮದುವೆಯ ದಿನ ಅಲ್ಲಿಗೆ ಹೋಗಿದ್ದೆ. ಬೋರ್ಡಿನಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ನಾನೂ ಆ ದಿನ ಓದುವ ಸ್ಥಿತಿಯಲ್ಲಿರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಮಾವ ತಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಅರ್ಧ ದಿನ ಯಾರೂ ನೋಡಿರಲಿಲ್ಲವಂತೆ. ಅಂದಿನಿಂದ ಬ್ರೀಡಾ, ನಮ್ಮ ಜೊತೆ ಬಂದಿರು ಅಪ್ಪಾ ಎಂದು ಫೋನಿನಲ್ಲಿ ಬೇಡುವುದು, ಅವರು ಒಂದೇ ಉತ್ತರ ಕೊಡುವುದು: "ಪೆಗ್ಗಿ ಮನೆ ಬಾಗಿಲು ತೆರೆದಿರೋ ತನಕ ನಾನು ಎಲ್ಲಿಗೂ ಬರಲ್ಲ ಮಗಳೇ." ಬ್ರೀಡಾ ಫೋನಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಮುಖ ಸಪ್ಪಗೆ ಮಾಡುತ್ತಿದ್ದೆ. ಆದರೆ ಸುಳ್ಳೇಕೆ ಹೇಳಲಿ, ಭಾನುವಾರ ಚರ್ಚಿಗೆ ಹೋದಾಗ ಆ ಪುಣ್ಯಾತ್ಗಿತ್ತಿ ಪೆಗ್ಗಿಯ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ಬರುತ್ತಿದ್ದೆ. ನನ್ನ ಕುರ್ಚಿಯನ್ನು ವರ್ಷಕ್ಕೆ ಮುನ್ನೂರ ಅರವತ್ತೆರಡು ದಿನ ಕಾಯುತ್ತಿದ್ದ ದೇವತೆ ಅವಳು.

ಸರಿ, ಕಥೆಗೆ ಬರೋಣ. ನಮ್ಮ ವಕೀಲ ಕಾರ್ಮೋಡಿ (ಗಡಿಯಾರ ನೋಡಿಕೊಂಡೇ ನಗುವ ಮನುಷ್ಯ) ಒಬ್ಬ ದಳ್ಳಾಳಿಯ ಮೂಲಕ ಸಾಯಲು ಸಿದ್ಧವಿರುವ ಪಬ್ಬೊಂದನ್ನು ಹುಡುಕಿಸಿದರು. ಕಾಗದ ಬಂತು. ಊಟದ ಹೊತ್ತಿನಲ್ಲಿ ಆಲೂಗೆಡ್ಡೆಯ ಹಬೆಯ ನಡುವೆ ಅದನ್ನು ಗಂಭೀರವಾಗಿ ಓದಿದೆ. ಲೈಸೆನ್ಸುದಾರ: ಲಾರೆನ್ಸ್ ಇಗ್ನೇಷಿಯಸ್ ಮಲ್ವಿಹಿಲ್. ಸ್ಥಳ: ಗೊರ್ಟ್‌ನಾಲ, ಲೀಟ್ರಿಮ್ ಜಿಲ್ಲೆ. ಮಾಲೀಕರಿಗೆ ವಯಸ್ಸಾಗಿದೆ, ಮಗಳ ಜೊತೆ ಇರಲು ಸ್ಪೇನಿಗೆ ಹೋಗುತ್ತಿದ್ದಾರೆ. ಗಿರಾಕಿಗಳು ಹೇಳಿಕೊಳ್ಳುವಂಥವರು ಯಾರೂ ಇಲ್ಲ, ನಾಲ್ಕು ಮುದುಕರು ಮತ್ತು ಒಂದು ನಾಯಿ.

"ಲೀಟ್ರಿಮ್ಮಿನಲ್ಲಿ ಒಂದು ಪಬ್ಬು ಹೋದ್ರೆ ಯಾರಿಗೆ ಗೊತ್ತಾಗುತ್ತೆ" ಎಂದೆ. "ಮುದುಕರು ಹೇಗೋ ಹೊಂದ್ಕೋತಾರೆ. ಪಾಪ, ನಾಯಿಗೆ ಬೇಜಾರಾಗಬಹುದು."

ಬ್ರೀಡಾ ಕಾಗದ ಕೇಳಿದಳು. ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಆಮೇಲೆ ನಕ್ಕಳು. ನನ್ನ ಜೋಕಿಗೆ ಅವಳು ನಕ್ಕದ್ದು ಮದುವೆಯಾದ ಮೇಲೆ ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವಳು ಒಳಗೆ ಹೋಗಿ, ಭಾನುವಾರಕ್ಕೆಂದು ಎತ್ತಿಟ್ಟಿದ್ದ ಸೇಬಿನ ಟಾರ್ಟು ತಂದು, ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿ, "ಎಷ್ಟು ಆಸೆ ಪಟ್ಟಿದ್ದೀಯ ಪಾಪ. ತೆರಿ ಮಲಾಕಿ. ಉಲ್ಲನ್ ಎಲ್ಲಿ ಬೇಕಾದ್ರೂ ಸಿಗುತ್ತೆ" ಎಂದಳು.

ಇದೆಲ್ಲ ಹಿಂದಿನ ಸಂಜೆ ನಾನು ಮಾಡಿದ್ದ ಪುನರುತ್ಥಾನದ ಭಾಷಣದ ಫಲವೆಂದು ತಿಳಿದು ಎರಡನೆಯ ತುಂಡೂ ತಿಂದೆ.

ಆಮೇಲೆ ಅವಳ ಉತ್ಸಾಹ ನೋಡಬೇಕಿತ್ತು. ಕರಾರು ಪತ್ರಕ್ಕೆ ಸಾಕ್ಷಿ ಹಾಕಿದವಳು ಅವಳೇ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಬಂದವಳೂ ಅವಳೇ. ಅಗ್ನಿಶಾಮಕ ಅಧಿಕಾರಿ ಬಂದು, ಹಿಂದಿನ ಬಾಗಿಲು ಎರಡು ಅಂಗುಲ ಕಿರಿದಾಗಿದೆ, ಬೆಂಕಿ ಬಿದ್ದರೆ ದಪ್ಪ ಗಿರಾಕಿಗಳು ಸಿಕ್ಕಿಕೊಳ್ಳುತ್ತಾರೆ ಎಂದು ತಕರಾರು ತೆಗೆದಾಗ ಮಾರನೆಯ ದಿನವೇ ಬಡಗಿಯನ್ನು ಎಳೆದು ತಂದಳು. ಪೊಲೀಸ್ ಸೂಪರಿಂಟೆಂಡೆಂಟರು ನನ್ನ ನಡತೆ ವಿಚಾರಿಸಲು ಬಂದರು. ಮೂವತ್ತೊಂದು ವರ್ಷ ಅವರ ಮನೆಗೆ ಕಾಗದ ಹಾಕಿದವನು ನಾನು. ಅವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿ, ಹೆಸರಿನ ಅಕ್ಷರ ಹೇಗೆ ಬರೆಯುತ್ತೀರಿ ಎಂದು ಕೇಳಿದರು.

ಕೋರ್ಟಿನ ದಿನ ಬಂತು. ಊರಿಗೆ ಹತ್ತನೆಯ ಪಬ್ಬು ಬೇಡವೆಂದು ನುವಾಲಾ ಆಕ್ಷೇಪಣೆ ಸಲ್ಲಿಸಿದ್ದಳು. ಯುವಜನರ ಭವಿಷ್ಯದ ಬಗ್ಗೆ ಆಕೆಗೆ ಅತೀವ ಕಳವಳವಂತೆ. ಆ ಯುವಜನರೆಲ್ಲ ಹಿಂದಿನ ಶನಿವಾರ ಆಕೆಯ ಪಬ್ಬಿನಲ್ಲೇ ಇದ್ದರು ಎಂಬುದನ್ನು ಕಾರ್ಮೋಡಿ ನಯವಾಗಿ ನೆನಪಿಸಿದರು. ನನ್ನ ನಡತೆಗೆ ಸಾಕ್ಷಿ ಹೇಳಲು ಬ್ರೀಡಾ ಕಟಕಟೆ ಹತ್ತಿದಳು. ನಿಮ್ಮ ಗಂಡ ಎಂದಾದರೂ ಕುಡಿದು ಗಲಾಟೆ ಮಾಡಿದ್ದುಂಟೇ ಎಂದು ಜಡ್ಜಿ ಕೇಳಿದರು.

"ಇಲ್ಲ ಸ್ವಾಮಿ. ಗಲಾಟೆ ಮಾಡೋಕೆ ಎದ್ದು ನಿಲ್ಲಬೇಕಲ್ಲ."

ಕೋರ್ಟು ನಕ್ಕಿತು. ಜಡ್ಜಿಯವರು ಕಡತದ ಹಾಳೆ ಮಗುಚಿ ನನ್ನ ಕಡೆ ತಿರುಗಿ, ಗೊರ್ಟ್‌ನಾಲದಲ್ಲಿ ಇದೊಂದೇ ಪಬ್ಬು ಎಂದು ಕಾಣುತ್ತದೆ, ಅಲ್ಲಿಯ ಹಿರಿಯರು ಇನ್ನು ಎಲ್ಲಿಗೆ ಹೋಗಬೇಕು ಎಂದು ವಿಚಾರಿಸಿದರು. ಕಾರ್ಮೋಡಿ ನನ್ನ ಕೋಟು ಹಿಡಿದು ಜಗ್ಗಿದರು, ಬಾಯಿ ಬಿಡಬೇಡ ಎಂದು. ಆದರೆ ತುಂಬಿದ ಸಭೆ. ನುವಾಲಾ ಬೇರೆ ನೋಡುತ್ತಿದ್ದಾಳೆ. ನನ್ನೊಳಗಿನ ಮಹಾಪುರುಷ ಎದ್ದುಬಿಟ್ಟ.

"ಮಹಾಸ್ವಾಮಿ, ಆ ಹಿರಿಯರ ಹೊಣೆ ನನ್ನದು. ಅವರಲ್ಲಿ ಯಾರೇ ಬರಲಿ, ಯಾವಾಗಲೇ ಬರಲಿ, ನನ್ನ ಪಬ್ಬಿನಲ್ಲಿ ಅತ್ಯುತ್ತಮವಾದ ಪೀಠ ಅವರಿಗೆ ಮೀಸಲು. ಅವರು ಬದುಕಿರೋವರೆಗೂ."

ಮೂರು ಗಂಟೆ ದಾರಿ. ಯಾವ ಮುದುಕ ಬರುತ್ತಾನೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದು ನನ್ನ ಲೆಕ್ಕಾಚಾರ. ಜಡ್ಜಿ ಅದನ್ನು ಬರೆದುಕೊಂಡರು. ಪತ್ರಿಕೆಯವರೂ ಬರೆದುಕೊಂಡರು. ಬ್ರೀಡಾ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೆಮ್ಮೆಯಿಂದ ಅಳು ಬಂದಿದೆ ಎಂದುಕೊಂಡೆ. ಲೈಸೆನ್ಸು ಮಂಜೂರಾಯಿತು.

ಉದ್ಘಾಟನೆಯ ದಿನ ಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ ನನ್ನ ಹೆಸರು. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ, ಒಂದು ಗ್ಲಾಸು ಆಶೀರ್ವದಿಸಿ, ಆಶೀರ್ವಾದ ಸಾಲದೆಂದು ಇನ್ನೊಂದನ್ನೂ ಆಶೀರ್ವದಿಸಿ ಹೋದರು. ಮಧ್ಯಾಹ್ನ ನಾಲ್ಕಕ್ಕೆ ಎಲ್ಲ ಸ್ವಲ್ಪ ತಣ್ಣಗಾಯಿತು. ನಾನು ನಿಧಾನವಾಗಿ ನನ್ನ ಸ್ಟೂಲಿನ ಕಡೆ ನಡೆದೆ. ಗೋಡೆಗೆ ಬೆನ್ನು ಕೊಡಲು ಇನ್ನೇನು ತಿರುಗಬೇಕು, ಹಿಂದಿನ ಬಾಗಿಲು ತೆರೆಯಿತು. ಮೊದಲು ಒಂದು ಸೂಟ್‌ಕೇಸು ಬಂತು. ಅದರ ಹಿಂದೆ ಮಾವ.

ಹೋದ್ಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎನ್ನುತ್ತಾರಲ್ಲ, ಇಲ್ಲಿ ಗವಾಕ್ಷಿಯೂ ಬೇಕಾಗಲಿಲ್ಲ, ಎರಡು ಅಂಗುಲ ಅಗಲ ಮಾಡಿಸಿದ ಬಾಗಿಲೇ ಇತ್ತು.

ಕ್ರಿಸ್‌ಮಸ್ಸಿಗೆ ಇನ್ನೂ ಐದು ತಿಂಗಳಿದೆಯಲ್ಲ ಮಾವ, ಪೆಗ್ಗಿ ಮನೆ ಬಿಟ್ಟು ಹೇಗೆ ಬಂದಿರಿ ಎಂದು ಕೇಳಿದೆ. ಅವರು ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ಕೌಂಟರಿನ ಮೇಲಿಟ್ಟು ಅಂಗೈಯಿಂದ ಸುಕ್ಕು ಸರಿಪಡಿಸಿದರು. ನನ್ನ ಫೋಟೋ. ಪಕ್ಕದಲ್ಲಿ ನನ್ನ ಭಾಷಣ, ಅಕ್ಷರ ಬಿಡದೆ.

"ಪೆಗ್ಗಿ ಮನೆ ಮುಚ್ಚಿಸಿದೋನು ನೀನೇ ಅಂತ ಲ್ಯಾರಿ ಮಲ್ವಿಹಿಲ್ ಹೇಳ್ದ. ಮೂರು ದಿನ ನಿನ್ನನ್ನ ಬೈದೆ" ಎಂದರು. ಆಮೇಲೆ ನನ್ನ ಸ್ಟೂಲನ್ನು ಕೈಯಿಂದ ಒತ್ತಿ ನೋಡಿ ಹತ್ತಿ ಕೂತರು. "ಆದ್ರೂ ಕೋರ್ಟಲ್ಲಿ ಮಾತು ಕೊಟ್ಟಿದ್ದೀಯ. ಮಾತು ದೊಡ್ಡದು. ಉಳಿದ ಮೂವರು ಶುಕ್ರವಾರದ ಬಸ್ಸಿಗೆ ಬರ್ತಾರೆ. ನಾಯೀನೂ ಬರುತ್ತೆ."

ನಾನು ಬ್ರೀಡಾಳ ಕಡೆ ನೋಡಿದೆ. ಅವಳು ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಕ್ರಾಸಿನ ನಿಜವಾದ ಹೆಸರು ಗೊರ್ಟ್‌ನಾಲ ಅಂತ ಅಲ್ಲೇ ಹುಟ್ಟಿ ಬೆಳೆದೋಳಿಗೆ ಗೊತ್ತಿರಲ್ವಾ ಮಲಾಕಿ? ಮೂವತ್ತೊಂದು ವರ್ಷ ವಿಳಾಸ ಓದ್ಕೊಂಡು ಬದುಕಿದೋನು ನೀನು. ನಿನಗೂ ಗೊತ್ತಿರುತ್ತೆ ಅಂದ್ಕೊಂಡೆ." ಅಷ್ಟು ಹೇಳಿ, ದನಿ ತಗ್ಗಿಸಿ, "ಹೇಗೂ ಮುಚ್ಚೋದೇ ಆಗಿತ್ತು ಅದು. ಮತ್ತೆ ಮೆಟ್ಟಿಲ ಮೇಲೆ ಬಿದ್ದಿದ್ರೆ ಯಾರು ನೋಡ್ತಿದ್ರು ಹೇಳು" ಎಂದಳು.

ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಆ ಫೋನಿನ ಪಕ್ಕ ಕೂತು ಸಪ್ಪೆ ಮುಖ ಮಾಡಿದ್ದಕ್ಕೆ ನಿಜವಾಗಿಯೂ ನಾಚಿಕೆಯಾಯಿತು. ಮಾವನಿಗೆ ಒಂದು ಗ್ಲಾಸು ಕಪ್ಪು ಬಿಯರು ನಾನೇ ಹಿಡಿದು, ನೊರೆ ಕೂರುವ ತನಕ ಕಾದು, ಮುಂದಿಟ್ಟೆ. ಅವರು ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಪರವಾಗಿಲ್ಲ" ಎಂದರು. "ಆದ್ರೆ ಪೆಗ್ಗಿ ಮನೇಲಿ ಹೀಗಿರಲ್ಲ."

ಈಗ ಮಾವ ಹಗಲು ನನ್ನ ಸ್ಟೂಲಿನಲ್ಲಿ, ಊಟವಾದ ಮೇಲೆ ನನ್ನ ಕುರ್ಚಿಯಲ್ಲಿ. ಶುಕ್ರವಾರ ನಾಲ್ವರೂ ಸೇರಿ ಪೆಗ್ಗಿಯ ಗುಣಗಾನ ಮಾಡುತ್ತಾರೆ, ಅದನ್ನು ಕೇಳಲು ಅರ್ಧ ಊರು ಬರುತ್ತದೆ, ಹೋದ ವಾರ ನುವಾಲಾಳೂ ಬಂದಿದ್ದಳು. ನಾನು ಕೌಂಟರಿನ ಹಿಂದೆ ನಿಂತಿರುತ್ತೇನೆ. ಅಲ್ಲಿ ಸ್ಟೂಲು ಹಾಕಲು ಜಾಗವಿಲ್ಲ, ಅಗ್ನಿಶಾಮಕದವರ ಆಜ್ಞೆ. ನಾಯಿ ನನ್ನ ಕಾಲ ಮೇಲೆ ಮಲಗುತ್ತದೆ. ಬ್ರೀಡಾ ಗುಡಿಸಲು ಬಂದಾಗ ಇಬ್ಬರೂ ಕಾಲೆತ್ತುತ್ತೇವೆ.

ಮೊನ್ನೆ ಬಿಯರು ಲಾರಿಯ ಹೊಸ ಡ್ರೈವರು ಪೀಪಾಯಿ ಇಳಿಸಿ, "ಪೆಗ್ಗಿ ಮನೆ ಅಂದ್ರೆ ಇದೇ ಅಲ್ವಾ? ಬೀದೀಲಿ ಎಲ್ಲ ಹಾಗೇ ಹೇಳಿದ್ರು" ಎಂದ. ನಾನು ಮೇಲಿನ ಚಿನ್ನದ ಅಕ್ಷರದ ಬೋರ್ಡು ತೋರಿಸಿದೆ. ಅವನು ಕತ್ತೆತ್ತಿ ಓದಿದ.

"ಮಲಾಕಿ ಅಂದ್ರೆ ಯಾರು?"

"ಇಲ್ಲಿ ಲೋಟ ತೊಳೆಯೋನು" ಎಂದು ಹೇಳಿ ರಸೀದಿಗೆ ಸಹಿ ಹಾಕಿದೆ.