ಮೊಳೆ ಉದುರಿಸುವ ಪುರಾತನ ಪದ್ಧತಿ

ಇಂದ,
ಹುಚ್ಚೀರಯ್ಯ ಬಿನ್ ಮರಿಯಯ್ಯ, ವಯಸ್ಸು ನಲವತ್ತೆರಡು,
ಅಚ್ಚಿನ ಮೊಳೆ ಜೋಡಿಸುವವನು,
ಶ್ರೀ ವಾಗ್ವಿನೋದಿನೀ ಮುದ್ರಣಾಲಯ, ಮಳವಳ್ಳಿ.
(ಮಾಮೂಲಿ ದಿನಗಳಲ್ಲಿ ಒಳಗೆ. ಸಂದರ್ಶಕರು ಬಂದ ದಿನ ಹಿತ್ತಿಲಿನ ದನದ ಕೊಟ್ಟಿಗೆಯಲ್ಲಿ.)

ಗೆ,
ನೋಡತಕ್ಕ ಸ್ಥಳಗಳ ಪಟ್ಟಿ ತಯಾರಿಸುವ ಸಾಹೇಬರು, ಮಂಡ್ಯ.
ಹಾಲಿ ಮೊಕ್ಕಾಂ: ಪ್ರವಾಸಿ ಬಂಗಲೆ, ಮದ್ದೂರು.

ತಾರೀಖು: 7ನೇ ಮೇ 1946, ಮಂಗಳವಾರ.

ವಿಷಯ: ಅರ್ಜಿದಾರನನ್ನು ಅಚ್ಚಿನ ಯಂತ್ರದ ಒಂದು ಭಾಗವೆಂದು ದಾಖಲು ಮಾಡಿಕೊಳ್ಳುವ ಬಗ್ಗೆ, ಮತ್ತು ಕೊನೆಯಲ್ಲಿ ಹೇಳಿರುವ ಇನ್ನೊಂದು ಚಿಕ್ಕ ವಿಷಯದ ಬಗ್ಗೆ.

ಉಲ್ಲೇಖ:
(1) ತಾವು ಬರೆದ ಕೈಪಿಡಿ, ಪುಟ ಹನ್ನೊಂದು, "ನಮ್ಮ ಪ್ರಾಚೀನ ಮುದ್ರಣ ಪರಂಪರೆಯನ್ನು ಕಣ್ಣಾರೆ ಕಾಣತಕ್ಕ ಸ್ಥಳ."
(2) ಯಜಮಾನರ ಬಾಯಿಮಾತಿನ ಆರ್ಡರು, "ಮೋಟಾರು ಬಂತು ಕಣ್ಲಾ, ಇತ್ತಿಲ್ಗೆ ಓಗು."
(3) ನನ್ನ ಹಿಂದಿನ ಎರಡು ಅರ್ಜಿಗಳು. ಉತ್ತರ ಬಂದಿಲ್ಲ. ಅವು ಎಲ್ಲಿವೆ ಎಂಬುದು ಏಳನೇ ಅಂಶದಲ್ಲಿದೆ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇಪ್ಪತ್ತನಾಲ್ಕು ವರ್ಷದಿಂದ ಸದರಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಾ ಯಂತ್ರ ತುಳಿಯುತ್ತಾ ಇದ್ದೇನೆ. ತಾಲ್ಲೂಕು ಕಛೇರಿಯ ಹರಾಜಿನ ನೋಟೀಸುಗಳನ್ನು ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿ, "ಸದರಿ", "ಮೇಲ್ಕಂಡ", "ಆದ್ದರಿಂದ" ಎಂಬ ಮಾತುಗಳು ನನ್ನ ಬೆರಳಿಗೆ ಅಂಟಿಕೊಂಡಿವೆ. ಅರ್ಜಿ ಅತಿಯಾಗಿ ಸರ್ಕಾರಿಯಾಗಿ ಕಂಡರೆ ತಪ್ಪು ನನ್ನದಲ್ಲ.

1. ತಾವು ಹೋದ ಮಾಘ ಮಾಸದಲ್ಲಿ ಶಿವನಸಮುದ್ರ ನೋಡಲು ಹೊರಟಾಗ ಮೋಟಾರಿನ ಚಕ್ರ ಮಳವಳ್ಳಿಯಲ್ಲಿ ಗಾಳಿ ಬಿಟ್ಟ ಕಾರಣ, ನೀರು ಕುಡಿಯಲು ನಮ್ಮ ಮುದ್ರಣಾಲಯಕ್ಕೆ ದಯಮಾಡಿಸಿದಿರಿ. ಯಜಮಾನರಾದ ಚಲುವರಾಜಯ್ಯನವರು ನೀರಿನ ಜೊತೆ ಇತಿಹಾಸವನ್ನೂ ಕೊಟ್ಟರು. ಯಂತ್ರ ದಳವಾಯಿಗಳ ಕಾಲದ್ದೆಂದರು. ತಾವು ಬರೆದುಕೊಂಡಿರಿ. ಸದರಿ ಯಂತ್ರದ ಹಿತ್ತಾಳೆ ತಗಡಿನ ಮೇಲೆ 1909 ಎಂದು ಸ್ಪಷ್ಟವಾಗಿ ಕೊರೆದಿದೆ. ಅಂದರೆ ಪ್ರಾಚೀನ ಪರಂಪರೆ ನನಗಿಂತ ಐದು ವರ್ಷ ಚಿಕ್ಕದು. ಈಚೆಗೆ ಆ ತಗಡಿನ ಮೇಲೆ ಲಕ್ಷ್ಮಿಯ ಪಟ ಅಂಟಿಸಲಾಗಿದೆ.

2. ಈ ಮಧ್ಯೆ ನನ್ನ ಮಗಳು ಬೆಳ್ಳಮ್ಮನಿಗೆ ಮದುವೆ ಗೊತ್ತಾಯಿತು. ಗಂಡು ಬೆಳಕವಾಡಿಯ ಸಿದ್ದರಾಜು, ಶಿವನಸಮುದ್ರದ ಕರೆಂಟು ಮನೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ. ನಮ್ಮ ಕೇರಿಯಲ್ಲಿ ಮದುವೆಗೆ ಕರೆಯುವುದು ಎಲೆ ಅಡಿಕೆ ಕೊಟ್ಟು, ಬಾಯಲ್ಲಿ ಹೇಳಿ. ಆದರೆ ಗಂಡಿನ ತಾಯಿ ಸಣ್ಣತಾಯಮ್ಮ ಒಂದೇ ಹಟ ಹಿಡಿದರು. "ಊರೋರ ಮದ್ವೆಗೆಲ್ಲಾ ಅಚ್ಚಿನ ಕಾಗ್ಜ ಮಾಡ್ಕೊಡ್ತೀಯಲ್ಲ ಬೀಗ್ರೆ, ನಿನ್ ಮಗಳ್ದೂ ಒಂದ್ ಮಾಡು. ನಮ್ ಕೇರಿ ಗೋಡೆ ಮ್ಯಾಗೂ ಒಂದ್ ಅಂಟಿರ್ಲಿ."

ನನಗೂ ಆಸೆಯಿತ್ತು. ಸುಳ್ಳು ಹೇಳುವುದಿಲ್ಲ, ಅವರಿಗಿಂತ ನನಗೇ ಹೆಚ್ಚಿತ್ತು. ಸಾವಿರಾರು ಹೆಣ್ಣುಮಕ್ಕಳ ಹೆಸರನ್ನು ದೊಡ್ಡ ಮೊಳೆಯಲ್ಲಿ ಜೋಡಿಸಿದ್ದೇನೆ, ಅವರ ಒಂದು ಮದುವೆಯ ಪಂಕ್ತಿಯಲ್ಲೂ ಕೂತವನಲ್ಲ. ಕೆಲಸ ಮುಗಿದ ಮೇಲೆ ಆರು ಸಂಜೆ ಕೂತು ಲಗ್ನಪತ್ರಿಕೆ ಜೋಡಿಸಿದೆ. ಯಜಮಾನರು ಬಗ್ಗಿ ನೋಡಿ, "ಇದೇನ್ಲಾ, ನಿನ್ ಮಗಳ್ಗೂ ಚಿರಂಜೀವಿ ಸೌಭಾಗ್ಯವತಿನಾ?" ಎಂದರು. "ಅವ್ಳೂ ಬಾಳ್ಬೇಕಲ್ಲ ಬುದ್ಧಿ" ಎಂದೆ. ಹೂಂ ಎಂದು ಹೋದರು. ಸದರಿ ಅನುಮತಿಯನ್ನು ಲಿಖಿತವೆಂದೇ ಭಾವಿಸತಕ್ಕದ್ದು.

3. ಯುಗಾದಿಯ ನಂತರದ ಭಾನುವಾರ ತಾವು ಎಂಟು ಮಂದಿ ಮಹಾಶಯರೊಂದಿಗೆ ಪರಂಪರೆ ನೋಡಲು ಬಂದಿರಿ. ಉಲ್ಲೇಖ ಎರಡರ ಪ್ರಕಾರ ನಾನು ಕೊಟ್ಟಿಗೆಗೆ ಹೋದೆ. ಅಲ್ಲಿಂದ ಕಿಟಕಿಯ ಒಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ, ಕೇಳಿಸುತ್ತದೆ. ಯಜಮಾನರಿಗೆ ಮೊಳೆ ಜೋಡಿಸಲು ಬಾರದು. ಮುದ್ರಣಾಲಯ ಅವರದು, ಮುದ್ರಣ ನನ್ನದು, ಹೀಗೆ ನಡೆದುಕೊಂಡು ಬಂದಿದೆ. ಆದ್ದರಿಂದ ಅವರು ಪುಟ ಹೊಂದಿಸುವ ಕಲ್ಲಿನ ಮೇಲೆ ಸಿದ್ಧವಾಗಿದ್ದ ಒಂದು ಚೌಕಟ್ಟನ್ನು ಎತ್ತಿಕೊಂಡರು. ಅದು ನನ್ನ ಮಗಳ ಲಗ್ನಪತ್ರಿಕೆ. ಮೊಳೆಗಳನ್ನು ಬಿಗಿಹಿಡಿಯುವ ಬೆಣೆಗಳನ್ನು ನಾನಿನ್ನೂ ಹೊಡೆದಿರಲಿಲ್ಲ. ಬೆಣೆ ಹೊಡೆಯದ ಚೌಕಟ್ಟನ್ನು ಎತ್ತಬಾರದೆಂದು ನಮ್ಮ ಮುದ್ರಣಾಲಯದ ಬೆಕ್ಕಿಗೂ ಗೊತ್ತು.

ಎಲ್ಲವೂ ಸುರಿದುಹೋಯಿತು. ಮುಹೂರ್ತ, ಸ್ಥಳ, ಬೀಗರ ಹೆಸರು, ಎಲ್ಲ ತಮ್ಮ ಬೂಟುಗಳ ಸುತ್ತ ಬಿದ್ದವು. ಯಜಮಾನರ ಮುಖ ಸುಣ್ಣವಾಯಿತು. ಆದರೂ ಅವರ ಬುದ್ಧಿಯನ್ನು ಮೆಚ್ಚಬೇಕು. "ಇದು ಪದ್ಧತಿ ಸ್ವಾಮಿ" ಎಂದರು. "ಅಚ್ಚಿಗೆ ಮುಂಚೆ ಅಕ್ಷರಾನ ಭೂಮ್ತಾಯಿಗೆ ಒಪ್ಪಿಸ್ಬೇಕು. ನಮ್ಮ ತಾತನ ಕಾಲದಿಂದ ನಡ್ಕಂಡ್ ಬಂದದೆ."

ತಾವು "ಆಹಾ" ಎಂದಿರಿ. ಮಹಾಶಯರು ಕೈಮುಗಿದರು. ಒಬ್ಬೊಬ್ಬರು ಒಂದೊಂದು ಮೊಳೆಯನ್ನು ಕಣ್ಣಿಗೊತ್ತಿಕೊಂಡು ಪ್ರಸಾದವೆಂದು ಜೇಬಿಗೆ ಹಾಕಿಕೊಂಡರು. ಕೊಟ್ಟಿಗೆಯಲ್ಲಿ ನನ್ನ ಜೊತೆಗಿದ್ದ ಹಸು ಮಾತ್ರ ನನ್ನ ಮುಖ ನೋಡಿತು.

4. ಹತ್ತೇ ದಿನದಲ್ಲಿ "ಮೊಳೆ ಉದುರಿಸುವ ಪುರಾತನ ಪದ್ಧತಿ"ಯು ತಮ್ಮ ಕೈಪಿಡಿಗೆ ಅನುಬಂಧವಾಗಿ ಸೇರಿತು. ಸದರಿ ಅನುಬಂಧವನ್ನು ಜೋಡಿಸಿ ಅಚ್ಚು ಮಾಡಿದವನು ನಾನೇ. ಒಂದಕ್ಷರ ತಪ್ಪಿಲ್ಲದೆ ಮಾಡಿದ್ದೇನೆ.

5. ಅಲ್ಲಿಂದೀಚೆಗೆ ಬಂದವರೆಲ್ಲ ಉದುರಿಸಿ ತೋರಿಸಿ ಎನ್ನುತ್ತಾರೆ. ಉದುರಿಸದಿದ್ದರೆ ಪರಂಪರೆ ನೋಡಿದಂತಾಗಲಿಲ್ಲವೆಂದು ಮುಖ ಊದಿಸುತ್ತಾರೆ. ಇದುವರೆಗೆ ನಾಲ್ಕು ಸಲ ಉದುರಿಸಲಾಗಿದೆ. ನಾಲ್ಕು ಸಲವೂ ನನ್ನ ಮಗಳ ಪತ್ರಿಕೆಯನ್ನೇ. ಬೇರೆ ಯಾವುದನ್ನಾದರೂ ಉದುರಿಸಬಹುದಲ್ಲ ಬುದ್ಧಿ ಎಂದು ಕೇಳಿದ್ದಕ್ಕೆ ಯಜಮಾನರು, "ಗಿರಾಕಿ ಮಾಲು ಕೆಡಿಸಕ್ಕಾಯ್ತದಾ? ನಿಂದಾದ್ರೆ ಮನೇದೇ ಕಣ್ಲಾ" ಎಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನನ್ನು ಮನೆಯವನೆಂದು ಕರೆದದ್ದು ಅದೊಂದೇ ಸಲ.

6. ಉದುರಿದ ಮೇಲೆ ಆಗುವುದೇನೆಂದರೆ, ಮಣ್ಣು ಕಸದ ಸಮೇತ ಬಳಿದು ಮನೆಗೆ ಒಯ್ಯುತ್ತೇನೆ. ನನ್ನ ಹೆಂಡತಿ ಮಹದೇವಮ್ಮ ರಾಗಿ ಕೇರುವ ಮೊರದಲ್ಲಿ ಅಕ್ಷರಗಳನ್ನು ಕೇರುತ್ತಾಳೆ. ಮೂರನೇ ತರಗತಿ ಓದಿರುವ ಬೆಳ್ಳಮ್ಮ ವಿಂಗಡಿಸುತ್ತಾಳೆ. ಮೂರು ನಾಲ್ಕು ದಿನದ ಕೆಲಸ. ಮತ್ತೆ ಜೋಡಿಸಿ ಬೆಣೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಮೋಟಾರು.

ನಾಲ್ಕನೇ ಸಲ, ಏಪ್ರಿಲ್ 28ರ ಭಾನುವಾರ, ತಾವು ಸ್ನೇಹಿತರನ್ನು ಕರೆದುಕೊಂಡು ಮತ್ತೊಮ್ಮೆ ಬಂದಿರಿ. ಅಂದು ರಾತ್ರಿ ವಿಂಗಡಿಸುತ್ತಿದ್ದ ಬೆಳ್ಳಮ್ಮ ಕೈ ನಿಲ್ಲಿಸಿ, "ಅಪ್ಪಾ, ನನ್ನೆಸ್ರುಗೆ ತಲೇನೇ ಇಲ್ವಲ್ಲ" ಎಂದಳು.

ಹೆಸರಿಗೆಂದು ಇಟ್ಟಿದ್ದ ಹೆಬ್ಬೆರಳಗಲದ ದೊಡ್ಡ ಮೊಳೆಗಳಲ್ಲಿ ಮೊದಲಿನ "ಬೆ" ಇರಲಿಲ್ಲ. ಸಣ್ಣ ಮೊಳೆಗಳು ಕಳೆದರೆ ಬೇರೆ ಇವೆ. ಈ ಗಾತ್ರದ "ಬೆ" ಮುದ್ರಣಾಲಯದಲ್ಲಿ ಒಂದೇ ಒಂದು. "ಸಣ್ಣದನ್ನೇ ಹಾಕು ಕಣ್ಲಾ" ಎಂದರು ಯಜಮಾನರು. ಹಾಕಿ ಒಂದು ಪ್ರತಿ ತೆಗೆದು ತೋರಿಸಿದೆ. ಮಗಳು ಮುಖ ಆ ಕಡೆಗೆ ಮಾಡಿಕೊಂಡಳು. ಮಾನ್ಯರೇ, ನನಗೆ ಸಿಟ್ಟು ಬಂದಿದೆ. ನೋಟೀಸಿನ ಭಾಷೆಯಲ್ಲಿ ಸಿಟ್ಟಿಗೆ ಸರಿಯಾದ ಮಾತಿಲ್ಲದ ಕಾರಣ ಹೀಗೇ ಬರೆದಿದ್ದೇನೆ.

7. ನಿನ್ನೆ ಸೋಮವಾರ ಬಸ್ಸು ಹಿಡಿದು ಮದ್ದೂರಿಗೆ ಬಂದು ತಮ್ಮ ಬಂಗಲೆಯ ಮುಂದೆ ನಿಂತೆ. "ಸಾಯೇಬ್ರು ಊಟಕ್ಕೆ ಕುಂತವ್ರೆ, ಅತ್ಲಾಗ್ ನಿಂತ್ಕೊಳಯ್ಯ" ಎಂದ ಜವಾನ. ಅತ್ತಲಾಗಿ ನಿಂತರೆ ಅಲ್ಲೂ ಒಂದು ಕಿಟಕಿ. ನನ್ನ ಹಣೆಯಲ್ಲಿ ಕಿಟಕಿಗಳೇ ಬರೆದಿವೆ. ತಮ್ಮ ಮೇಜಿನ ಮೇಲೆ ಕಾಗದಗಳು ಹಾರದಂತೆ ಒಂದು ಸೀಸದ ತುಂಡನ್ನು ಇಟ್ಟಿದ್ದಿರಿ. ಅಕ್ಷರವನ್ನು ತಿರುವುಮುರುವಾಗಿ ಓದುವುದೇ ನನ್ನ ಕಸುಬಾದ್ದರಿಂದ ದೂರದಿಂದಲೇ ಗುರುತು ಹಿಡಿದೆ. ಅದು ನನ್ನ ಮಗಳ "ಬೆ". ಅದರ ಕೆಳಗಿದ್ದ ಕಾಗದಗಳ ಕೈಬರಹವೂ ಗುರುತು ಸಿಕ್ಕಿತು. ಅವು ನನ್ನ ಹಿಂದಿನ ಎರಡು ಅರ್ಜಿಗಳು.

ಊಟವಾದ ಮೇಲೆ ತಾವು ಮಲಗಿದಿರಿ. ಕಡೇ ಬಸ್ಸು ತಪ್ಪುತ್ತದೆಂದು ನಾನು ಹೊರಟೆ.

8. ಇನ್ನು ಯಂತ್ರದ ವಿಷಯ. ಬಂದ ಮಹಾಶಯರೆಲ್ಲ ಯಂತ್ರದ ಹಿಡಿಯನ್ನು ಸವರುತ್ತಾರೆ. "ಎಷ್ಟು ನುಣುಪು, ಎಷ್ಟು ತಲೆಮಾರಿನ ಕೈ ಪಳಗಿದೆಯೋ" ಎನ್ನುತ್ತಾರೆ. ತಲೆಮಾರು ಒಂದೇ, ಕೈ ನನ್ನದು. ಆ ಹಿಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವರು, ಆ ಕೈಯೂ ಅಲ್ಲೇ ಇದ್ದರೆ ಕಾಫಿ ಮುಟ್ಟದೆ ಎದ್ದು ಹೋಗುತ್ತಾರೆಂಬುದು ಯಜಮಾನರ ಹೆದರಿಕೆ. ಅವರ ಹೆದರಿಕೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಯಂತ್ರಕ್ಕೆ ಯಾವ ಕೇರಿಯೆಂದು ಇದುವರೆಗೆ ಯಾರೂ ಕೇಳಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಕೋರಿಕೆ ಏನೆಂದರೆ:

(ಅ) ಕೈಪಿಡಿಯ ಮುಂದಿನ ಮುದ್ರಣದಲ್ಲಿ ಯಂತ್ರದ ಭಾಗಗಳ ಪಟ್ಟಿಗೆ, ಚಕ್ರ, ಹಿಡಿ, ತುಳಿಯುವ ಹಲಗೆ ಇವುಗಳ ನಂತರ, "ಹುಚ್ಚೀರಯ್ಯ, ಒಂದು" ಎಂದು ಸೇರಿಸಬೇಕು. ಆಗ ಸಂದರ್ಶಕರಿದ್ದಾಗಲೂ ನಾನು ಒಳಗಿರಬಹುದು. ಎಣ್ಣೆ ಬಿಡಬೇಕಾಗಿಲ್ಲ.

(ಆ) ಉದುರಿಸುವುದು ಪರಂಪರೆಯೇ ಎಂದಾದರೆ, ಹೆಕ್ಕುವುದೂ ಪರಂಪರೆಯೆಂದು ಬರೆದು, ಬಂದ ಮಹಾಶಯರಿಗೆ ಆ ಭಾಗವನ್ನೂ ಮಾಡಲು ಅವಕಾಶ ಕೊಡಬೇಕು. ಮೊರ ನಮ್ಮದೇ ಕೊಡುತ್ತೇವೆ.

ಇಷ್ಟನ್ನು ನಡೆಸಿಕೊಟ್ಟರೂ ಕೊಡದಿದ್ದರೂ, ಸೀಸ ಸವೆಯುವವರೆಗೆ

ತಮ್ಮ ವಿಶ್ವಾಸಿ,
ಹುಚ್ಚೀರಯ್ಯ
(ಹೆಬ್ಬೆಟ್ಟಲ್ಲ, ರುಜು.)

ಲಗತ್ತುಗಳು:
1. ತಮ್ಮ ಕೈಪಿಡಿಯ ಅನುಬಂಧ, ಒಂದು ಪ್ರತಿ.
2. ನೆಲದಿಂದ ಬಳಿದ ಮಣ್ಣು, ಒಂದು ಪೊಟ್ಟಣ. ಇದರಲ್ಲಿ ಇನ್ನೂ ಎರಡು ಮೊಳೆ ಇರಬಹುದು.
3. ಲಗ್ನಪತ್ರಿಕೆ, ಒಂದು ಪ್ರತಿ. ವಧು "ಚಿ॥ ಸೌ॥    ಳ್ಳಮ್ಮ". ನಡುವೆ ಬಿಟ್ಟಿರುವ ಜಾಗ ಅಚ್ಚಿನ ದೋಷವಲ್ಲ.

ವಿಶೇಷ ಸೂಚನೆ: ಮದುವೆ ಮುಂದಿನ ಸೋಮವಾರ, ಇದೇ 13ಕ್ಕೆ. ಇವತ್ತೂ ಸಂದರ್ಶಕರು ಬರುವವರಿದ್ದಾರೆ, ನಾನು ಕೊಟ್ಟಿಗೆಯಲ್ಲಿ ನಿಲ್ಲಬೇಕಾದ್ದರಿಂದ ರಜ ಸಿಕ್ಕಿಲ್ಲ. ಪತ್ರಿಕೆಯ ಚೌಕಟ್ಟಿಗೆ ಈ ಸಲ ಬೆಣೆ ಹೊಡೆದು, ನನ್ನ ಜೊತೆಗೇ ಕೊಟ್ಟಿಗೆಗೆ ತಂದು ಗೊಂತಿನ ಹುಲ್ಲಿನಡಿ ಬಚ್ಚಿಟ್ಟಿದ್ದೇನೆ. ಒಂದೇ ಮೊಳೆಯ ಜಾಗ ಖಾಲಿಯಿದೆ. ಸಂಜೆಯೊಳಗೆ ಅದು ಬಂದರೆ ರಾತ್ರಿಯೇ ಅಚ್ಚು ಮಾಡಿ ನಾಳೆ ಬೆಳಿಗ್ಗೆ ಹಂಚುತ್ತೇನೆ.

ಈ ಅರ್ಜಿ ತಂದು ತಮ್ಮ ಬಾಗಿಲ ಹೊರಗೆ ತಾಯಿಯೊಂದಿಗೆ ನಿಂತಿರುವವಳೇ ಬೆಳ್ಳಮ್ಮ. ಹಿಂದಿನ ಎರಡು ಅರ್ಜಿಗಳನ್ನು ಓದದಿದ್ದರೂ ಚಿಂತೆಯಿಲ್ಲ, ಅವುಗಳ ಮೇಲಿರುವ ಮೊಳೆಯನ್ನು ಅವಳಿಗೆ ಕೊಡಬೇಕು. ಅವಳು ಒಳಗೆ ಬರುವುದಿಲ್ಲ, ಸೆರಗೊಡ್ಡಿ ನಿಲ್ಲುತ್ತಾಳೆ. ಕೈಗೆ ಕೈ ತಾಕೀತೆಂದು ತಮಗೆ ಅನ್ನಿಸಿದರೆ ಮೇಲಿನಿಂದ ಉದುರಿಸಬಹುದು. ಪದ್ಧತಿ ತಮ್ಮ ಪುಸ್ತಕದಲ್ಲೇ ಇದೆ.